ಗಿರಣಿಯಿಲ್ಲದ ಕೊಡಗು, ಮಗ್ಗವಿದ್ದ ಶಿರಂಗಾಲ

ಹಳೆಯ ಬಟ್ಟೆ ಗಿರಣಿಗಳ ಸ್ಫೂರ್ತಿಯಲ್ಲಿ ಕಲಾವಿದರು ಕೆಲಕಾಲ ತಂಗಿ ಕೃತಿ ರಚಿಸುವ ರೆಸಿಡೆನ್ಸಿಗಳು ಇಂದು ಹಲವೆಡೆ ನಡೆಯುತ್ತಿವೆ. ಕೊಡಗಿನಲ್ಲಿ ಅಂಥದೊಂದು ಆಗಬೇಕಾದರೆ ಅದು ಆರಂಭವಾಗಬೇಕಾದದ್ದು ಯಂತ್ರದಿಂದಲ್ಲ, ಶಿರಂಗಾಲ ಎಂಬ ಊರಿನ ಕೈಮಗ್ಗದಿಂದ. ಕೊಡಗಿನಲ್ಲಿ ದೊಡ್ಡ ಗಿರಣಿ ಏಕೆ ಬೆಳೆಯಲಿಲ್ಲ ಎಂಬುದಕ್ಕೆ ಕ್ರೈಸ್ತ ಧರ್ಮಪ್ರಚಾರಕ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಚರಿತ್ರೆಯಲ್ಲೇ ಒಂದು ಸುಳಿವಿದೆ. ಮತಾಂತರಗೊಂಡು ನೆಂಟರ, ಊರಿನ ಆಸರೆ ಕಳೆದುಕೊಂಡವರಿಗೆ ಜೀವನೋಪಾಯ ಒದಗಿಸುವುದು ಮಿಷನ್ನಿಗೆ ಅನಿವಾರ್ಯವಾಗಿತ್ತು. ಮಂಗಳೂರಿನಲ್ಲಿ ಅದು ನೇಯ್ಗೆ ಶಾಲೆಯ ದಾರಿ ಹಿಡಿಯಿತು. 1851ರಲ್ಲಿ ಬಂದ ಜಾನ್ ಹಾಲರ್ ಅಲ್ಲಿ ಸುಧಾರಿತ ಮಗ್ಗಗಳನ್ನು ಹೂಡಿದ, ಮಂಗಳೂರಿನ ಖಾಕಿಯೂ ಅವನ ಹೆಸರಿನೊಂದಿಗೇ ಬೆಸೆದಿದೆ. 1865ರಲ್ಲಿ ಹಂಚಿನ ಕಾರ್ಖಾನೆಯೂ ಬಂತು. ಆದರೆ ಮಿಷನರಿ ಹರ್ಮನ್ ಮೊಗ್ಲಿಂಗ್ 1850ರ ದಶಕದಲ್ಲಿ ಕೊಡಗಿನ ಆನಂದಪುರದಲ್ಲಿ ಇಂಥದೇ ಪ್ರಶ್ನೆಗೆ ಕಂಡುಕೊಂಡ ಉತ್ತರ ಕಾಫಿ ತೋಟ. ಮಡಿಕೇರಿಯಲ್ಲಿ ಯುರೋಪಿಯನ್ನರ ಮೊದಲ ತೋಟ 1854ರಲ್ಲಿ ಆರಂಭವಾದದ್ದನ್ನು ನೆನೆದರೆ, ದುಡಿಯುವ ಕೈಗಳನ್ನೂ ಹಣವನ್ನೂ ಕಾಫಿಯೇ ಸೆಳೆದುಕೊಂಡಿತೆನ್ನುವುದು ಸರಿ.

ಹಾಗೆಂದು ಕೊಡಗಿಗೆ ಬಟ್ಟೆಯ ಚರಿತ್ರೆಯೇ ಇಲ್ಲವೆನ್ನಲಾಗದು. ಕೊಡವರ ನಿಲುವಂಗಿಯಾದ ಕುಪ್ಯದ ನಡುವಿಗೆ ಬಿಗಿಯುವ ನಡುಪಟ್ಟಿ, ಅಂದರೆ ಚೇಲೆ, ಬರಿಯ ಅಲಂಕಾರವಲ್ಲ. ಪೀಚೆಕತ್ತಿ ಎಂಬ ಕಿರುಗತ್ತಿ ನಿಲ್ಲುವುದು ಅದರಲ್ಲೇ. ಉಡುವವನ ನಡು, ಕತ್ತಿಯ ತೂಕ, ಬಟ್ಟೆಯ ಬಿಗಿ ಇವೆಲ್ಲ ನೇಯುವವನ ಲೆಕ್ಕದಲ್ಲಿರಬೇಕು. ಬ್ರಿಟಿಷರ ಕಾಲದ ಗೆಜೆಟಿಯರ್ ಕೊಡಗಿನ ಕೆಲವೇ ಕೈಕಸುಬುಗಳಲ್ಲಿ ಕತ್ತಿಯನ್ನೂ ನಡುಪಟ್ಟಿಯನ್ನೂ ಎಣಿಸಿ, ನಡುಪಟ್ಟಿ ತಯಾರಾಗುತ್ತಿದ್ದ ಊರೆಂದು ಶಿರಂಗಾಲವನ್ನು ಹೆಸರಿಸುತ್ತದೆ. ಕಾವೇರಿಯ ದಡದಲ್ಲಿ, ಬಯಲುಸೀಮೆಗೆ ತಾಗಿದ ಈ ಗಡಿಯೂರಿನ ಕಸುಬು ಒಳಗಿನ ಬೆಟ್ಟದ ನಾಡಿನ ಗುರುತನ್ನು ನೇಯುತ್ತಿತ್ತು. ನಾಡಿನ ಗುರುತು ಅದನ್ನು ಉಟ್ಟವರದಷ್ಟೇ ಅಲ್ಲ, ನೇಯ್ದವರದೂ ಹೌದು.

ಕೆಲವು ಮಗ್ಗಗಳ ಊರನ್ನು ಗಿರಣಿಯ ಚರಿತ್ರೆಗೆ ಹೋಲಿಸುವುದು ಅತಿಯಲ್ಲವೇ ಎಂದು ಕೇಳಬಹುದು. ಪ್ರಮಾಣದಲ್ಲಿ ಹೋಲಿಕೆಯಿಲ್ಲ, ನಿಜ. ಆದರೆ ಗಿರಣಿಯ ಕಟ್ಟಡ ಕಲಾವಿದನಿಗೆ ವಿಶಾಲವಾದ ಜಾಗ ಕೊಟ್ಟೀತು. ಹಾಸು ಹೊಕ್ಕುಗಳ ತಿಳಿವಳಿಕೆ ಕೊಡುವವರು ಕೆಲಸಗಾರರೇ. ಗೋಡೆ ಉಳಿಸಿ ಆ ತಿಳಿವಳಿಕೆ ಮರೆತರೆ ಸ್ಫೂರ್ತಿ ಬರಿಯ ಹಿನ್ನೆಲೆಯ ಚಿತ್ರವಾಗುತ್ತದೆ. ಕಲಾವಿದ ಸ್ವತಂತ್ರ, ಅವನನ್ನು ಕಸುಬಿನ ದಾಖಲೆಗೆ ಕಟ್ಟಿಹಾಕಬಾರದು ಎಂಬ ಇನ್ನೊಂದು ಮಾತೂ ತೂಕದ್ದೇ. ಆದರೆ ಸ್ವಾತಂತ್ರ್ಯಕ್ಕೆ ಇದರಿಂದ ಧಕ್ಕೆಯಿಲ್ಲ: ಚೇಲೆಯ ನೂಲನ್ನು ಬಲ್ಲವನಿಗೆ ಅದನ್ನು ಮೀರುವ ದಾರಿಯೂ ಹೆಚ್ಚು ತಿಳಿದಿರುತ್ತದೆ. ಆದ್ದರಿಂದ ಕೊಡಗಿನ ರೆಸಿಡೆನ್ಸಿಯಲ್ಲಿ ನೇಕಾರರು ಪ್ರದರ್ಶನದ ವಸ್ತುವಾಗಬಾರದು. ಕಲಾವಿದರಂತೆಯೇ ಅವರಿಗೂ ಗೌರವಧನ ಸಲ್ಲಬೇಕು, ಮೂಡಿಬಂದ ಕೃತಿಯ ಮೇಲೆ ಅವರ ಹೆಸರೂ ಇರಬೇಕು. ಗಿರಣಿಯಿಲ್ಲದ ನಾಡು ಗಿರಣಿಗಳಿದ್ದ ನಾಡುಗಳಿಗೂ ಕಲಿಸಬಲ್ಲ ಪಾಠ ಇದು.