ಜಮಖಾನ ಮಂಚದ ಬದಿಗೆ ಸರಿದ ಕಥೆ

ಆರ್.ಟಿ. ನಗರದಲ್ಲೋ ಯಲಹಂಕದಲ್ಲೋ ಹೊಸ ಮನೆ ಮಾಡಿಕೊಂಡವರು ಗೃಹಪ್ರವೇಶದ ಗದ್ದಲವೆಲ್ಲ ಮುಗಿದ ಮೇಲೆ ಕಟ್ಟಕಡೆಗೆ ಯೋಚಿಸುವ ವಸ್ತುಗಳಲ್ಲಿ ಮಲಗುವ ಕೋಣೆಯ ನೆಲಹಾಸೂ ಒಂದು. ಅಂಗಡಿಯವರ ಬಾಯಲ್ಲಿ ಅದು ‘ರಗ್’. ಎಷ್ಟು ದೊಡ್ಡದು ತರಬೇಕು, ಮಂಚದ ಕೆಳಗೆ ಹಾಸಬೇಕೋ ಪಕ್ಕದಲ್ಲೋ, ಉಣ್ಣೆಯದೋ ಹತ್ತಿಯದೋ ಎಂಬ ಪ್ರಶ್ನೆಗಳು ಆಮೇಲೆ ಒಂದೊಂದಾಗಿ ಏಳುತ್ತವೆ. ನಮ್ಮ ಅಜ್ಜ ಅಜ್ಜಿಯರಿಗೆ ಈ ಪ್ರಶ್ನೆಗಳು ವಿಚಿತ್ರವಾಗಿ ಕಾಣುತ್ತಿದ್ದವು. ಅವರಿಗೆ ನೆಲಹಾಸು ಗೊತ್ತಿರಲಿಲ್ಲವೆಂದಲ್ಲ. ಬಹುಪಾಲು ಮನೆಗಳಲ್ಲಿ ಹಾಸಿನ ಮೇಲೆ ಮಂಚ ಇರುತ್ತಿರಲಿಲ್ಲ, ಹಾಸೇ ಹಾಸಿಗೆಯಾಗಿತ್ತು. ‘ಹಾಸು’ ಎಂಬ ಕ್ರಿಯೆಯಿಂದಲೇ ‘ಹಾಸಿಗೆ’ ಎಂಬ ಪದ ಹುಟ್ಟಿದೆ ಎಂಬುದನ್ನು ನಾವು ಮರೆತೇಬಿಟ್ಟಿದ್ದೇವೆ.

ಹೆಬ್ಬಾಳ, ಯಶವಂತಪುರಗಳು ಇನ್ನೂ ಹಳ್ಳಿಗಳಾಗಿದ್ದ ಕಾಲದ ಮನೆಯನ್ನು ನೆನೆಸಿಕೊಳ್ಳಿ. ಪಡಸಾಲೆ, ನಡುಮನೆ, ಅಡುಗೆಮನೆ, ದೇವರ ಗೂಡು, ಒಂದು ಮೂಲೆಯಲ್ಲಿ ದನದ ಕೊಟ್ಟಿಗೆ. ಇವುಗಳಲ್ಲಿ ಮಲಗುವುದಕ್ಕೆಂದೇ ಮೀಸಲಾದ ಜಾಗ ಯಾವುದು? ಅನುಕೂಲವಿದ್ದವರ ಮನೆಯಲ್ಲಿ ಗಂಡ ಹೆಂಡತಿಗೆ ಒಂದು ಕೋಣೆಯೋ ಹಿರಿಯರಿಗೆ ಒಂದು ಮಂಚವೋ ಇದ್ದೀತು. ಮಿಕ್ಕವರಿಗೆಲ್ಲ ನಡುಮನೆಯೇ ಊಟದ ಮನೆ, ರಾತ್ರಿಗೆ ಅದೇ ಮಲಗುವ ಮನೆ. ಎಲೆ ತೆಗೆದು, ನೆಲ ಒರೆಸಿ, ಚಾಪೆ ಬಿಚ್ಚಿದರೆ ಕೋಣೆಯ ಕೆಲಸವೇ ಬದಲಾಗುತ್ತಿತ್ತು. ಬೆಳಗ್ಗೆ ಸುರುಳಿ ಸುತ್ತಿ ಮೂಲೆಗೆ ನಿಲ್ಲಿಸಿದರೆ ಮತ್ತೆ ಬದಲಾಗುತ್ತಿತ್ತು. ಹಾಸನ್ನು ‘ಎಲ್ಲಿ ಇಡಬೇಕು’ ಎಂಬ ಪ್ರಶ್ನೆಗೆ ಆ ಮನೆಯಲ್ಲಿ ಒಂದೇ ಉತ್ತರ: ಹಗಲು ಮೂಲೆಯಲ್ಲಿ, ರಾತ್ರಿ ಮನುಷ್ಯನ ಕೆಳಗೆ.

ಹಾಸುಗಳಲ್ಲಿಯೂ ದರ್ಜೆಗಳಿದ್ದವು. ಎಲ್ಲಕ್ಕಿಂತ ಕೆಳಗೆ ಚಾಪೆ. ಬೆಂಗಳೂರಿನ ಸುತ್ತ ಕೆರೆಗಳಿಗೂ ಈಚಲಿಗೂ ಕೊರತೆ ಇರಲಿಲ್ಲವಾದ್ದರಿಂದ ಕೆರೆಯ ಜೊಂಡಿನ ಚಾಪೆ, ಈಚಲ ಗರಿಯ ಚಾಪೆ ಎರಡೂ ಅಗ್ಗವಾಗಿ ಸಿಗುತ್ತಿದ್ದವು. ಅದರ ಮೇಲೆ ಕಂಬಳಿ. ದಖ್ಖನಿ ಕುರಿಯ ಒರಟು ಉಣ್ಣೆಯಿಂದ ಕುರುಬರು ಗುಂಡಿಮಗ್ಗದಲ್ಲಿ ನೆಯ್ದು, ಹುಣಸೆಬೀಜದ ಗಂಜಿ ಹಾಕಿ ಗಟ್ಟಿ ಮಾಡಿದ ಕರಿ ಕಂಬಳಿ ಮೈಗೆ ಚುಚ್ಚುತ್ತಿತ್ತು ನಿಜ. ಆದರೆ ಸಾರಿಸಿದ ನೆಲದ ತಂಪನ್ನು ಅದು ಮೇಲೆ ಬರಗೊಡುತ್ತಿರಲಿಲ್ಲ. ಬೆಂಗಳೂರಿನ ಚಳಿಯನ್ನು ಇಂದು ಹಗುರಾಗಿ ಮಾತಾಡುವವರು 1884ರ ಜನವರಿ 13ರಂದು ಇಲ್ಲಿ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು ಎಂಬ ದಾಖಲೆಯನ್ನು ಗಮನಿಸಬೇಕು. ಆ ರಾತ್ರಿ ಊರಿನ ಬಹುತೇಕ ಜನ ನೆಲದ ಮೇಲೆಯೇ ಮಲಗಿದ್ದರು. ಕಂಬಳಿಗೆ ಮಡಿಯ ಗೌರವವೂ ಇತ್ತು. ಹಬ್ಬ, ಮದುವೆಗಳಲ್ಲಿ ಅದನ್ನು ಮಡಿಸಿ ಗದ್ದುಗೆ ಹಾಕುವ ಪದ್ಧತಿ ಎಷ್ಟೋ ಕಡೆ ಇಂದಿಗೂ ಉಳಿದಿದೆ.

ಕಂಬಳಿಗಿಂತ ಮೇಲಿನದು ಜಮಖಾನ. ಅದು ಹತ್ತಿಯದು, ಬಣ್ಣಬಣ್ಣದ ಪಟ್ಟೆಯದು, ನೆಂಟರು ಬಂದಾಗ ಪೆಟ್ಟಿಗೆಯಿಂದ ಹೊರಬರುವಂಥದು. ಇವೆಲ್ಲಕ್ಕಿಂತ ಮೇಲೆ, ಅರಮನೆಗಳಲ್ಲೂ ಶ್ರೀಮಂತರ ದಿವಾನಖಾನೆಗಳಲ್ಲೂ ಮಾತ್ರ ಕಾಣುವ ರತ್ನಗಂಬಳಿ. ಈ ಪದವನ್ನು ಸ್ವಲ್ಪ ಬಿಡಿಸಿ ನೋಡಿದರೆ ಸ್ವಾರಸ್ಯವಿದೆ. ಪರ್ಷಿಯಾದ ಕಡೆಯಿಂದ ಬಂದ ದಟ್ಟ ಉಣ್ಣೆಯ ಚಿತ್ತಾರದ ಹಾಸನ್ನು ಕಂಡ ಕನ್ನಡಿಗ ಅದಕ್ಕೆ ಪರಭಾಷೆಯ ಹೆಸರನ್ನು ಹುಡುಕಲು ಹೋಗಲಿಲ್ಲ. ತನ್ನ ಕರಿ ಕಂಬಳಿಗೆ ರತ್ನ ಕೂಡಿಸಿ ಹೆಸರಿಟ್ಟ.

ಇಲ್ಲಿಯವರೆಗೆ ಹೇಳಿದ್ದು ಕರ್ನಾಟಕದ ಬಹುಪಾಲು ಊರುಗಳಿಗೆ ಅನ್ವಯಿಸುವ ಮಾತು. ಬೆಂಗಳೂರಿಗೆ ತನ್ನದೇ ಆದ ಒಂದು ಅಧ್ಯಾಯವಿದೆ. ಅದು ಈಗ ಹೆಚ್ಚಿನವರಿಗೆ ತಿಳಿಯದು. ಹತ್ತೊಂಬತ್ತನೆಯ ಶತಮಾನದಲ್ಲಿ ‘ಬೆಂಗಳೂರು ಕಾರ್ಪೆಟ್’ ಎಂಬುದು ಹೊರದೇಶದಲ್ಲಿಯೂ ಹೆಸರಾದ ಸರಕು. 1908ರಲ್ಲಿ ಪ್ರಕಟವಾದ ಇಂಪೀರಿಯಲ್ ಗೆಜೆಟಿಯರ್ ಮೈಸೂರು ಸಂಸ್ಥಾನದ ಕೈಗಾರಿಕೆಗಳನ್ನು ವಿವರಿಸುವಾಗ ಈ ಹಾಸುಗಳ ಎರಡು ಗುಣಗಳನ್ನು ವಿಶೇಷವಾಗಿ ಎತ್ತಿ ಹೇಳುತ್ತದೆ. ಒಂದು ಬಾಳಿಕೆ. ಇನ್ನೊಂದು, ಎರಡೂ ಬದಿಯಲ್ಲಿ ಒಂದೇ ಚಿತ್ತಾರ. ಹಳೆಯ ನಮೂನೆಗಳು ದಿಟ್ಟ ವಿನ್ಯಾಸ, ದಿಟ್ಟ ಬಣ್ಣದವೆಂದೂ ಅದು ಮೆಚ್ಚಿಕೊಳ್ಳುತ್ತದೆ.

ಭಾರತದ ಕುಶಲಕಲೆಗಳ ಬಗ್ಗೆ 1880ರಲ್ಲಿ ದೊಡ್ಡ ಗ್ರಂಥ ಬರೆದ ಸರ್ ಜಾರ್ಜ್ ಬರ್ಡ್‌ವುಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಈಗಿನ ಇರಾಕಿನ ನೆಲದಲ್ಲಿ ಅಗೆದು ತೆಗೆದ ಅಸ್ಸೀರಿಯಾದ ಅರಮನೆಯ ಕಲ್ಲು ಚಪ್ಪಡಿಯೊಂದರ ಕೆತ್ತನೆ ನೆಲಹಾಸಿನ ನಕಲೇ ಎಂದೂ ಆ ಹಾಸು ಬೆಂಗಳೂರಿನ ಕಾರ್ಪೆಟ್ಟುಗಳ ಶೈಲಿಯದೆಂದೂ ಆತನ ಅಭಿಪ್ರಾಯ. ಎರಡೂವರೆ ಸಾವಿರ ವರ್ಷದ ಹಿಂದಿನ ನಿನೆವೆಗೂ ನಮ್ಮ ಪೇಟೆಗೂ ನಂಟು ಹಾಕುವ ಈ ಮಾತನ್ನು ಪೂರ್ತಿ ನಂಬಬೇಕಾಗಿಲ್ಲ. ಆದರೆ ಲಂಡನ್ನಿನಲ್ಲಿ ಕುಳಿತವನಿಗೆ ಹೋಲಿಕೆಗೆಂದು ನೆನಪಾದದ್ದು ಬೆಂಗಳೂರಿನ ಹಾಸು ಎಂಬುದೇ ಸಾಕಷ್ಟು ಹೇಳುತ್ತದೆ.

ಎರಡೂ ಬದಿಗೆ ಒಂದೇ ಚಿತ್ತಾರ ಬರುವುದು ಹೇಗೆ? ನೇಕಾರರ ಮಾತಿನಲ್ಲಿ ಉದ್ದದ ದಾರ ‘ಹಾಸು’, ಅಡ್ಡದ ದಾರ ‘ಹೊಕ್ಕು’. ಹೊಕ್ಕಿನ ದಾರವನ್ನು ಒತ್ತೊತ್ತಾಗಿ ಬಡಿದು ಕೂರಿಸಿ ಹಾಸಿನ ದಾರವನ್ನು ಪೂರ್ತಿ ಮುಚ್ಚಿದರೆ, ಒಂದು ಬಣ್ಣ ಮುಗಿಯುವ ಕಡೆ ಅದನ್ನು ಹಿಂದಕ್ಕೆ ತಿರುಗಿಸಿ ಇನ್ನೊಂದನ್ನು ಸೇರಿಸಿದರೆ, ಬಟ್ಟೆಗೆ ಬೆನ್ನು ಎಂಬುದೇ ಇರುವುದಿಲ್ಲ. ಎರಡೂ ಮುಖವೇ. ರತ್ನಗಂಬಳಿಯ ರೀತಿ ಬೇರೆ. ಅಲ್ಲಿ ಹಾಸಿನ ದಾರಕ್ಕೆ ಒಂದೊಂದಾಗಿ ಉಣ್ಣೆಯ ಗಂಟು ಹಾಕಿ, ತುದಿಗಳನ್ನು ಕತ್ತರಿಸಿ ಎದ್ದು ನಿಲ್ಲಿಸುತ್ತಾರೆ. ಅದಕ್ಕೆ ಮುಖ ಒಂದು, ಬೆನ್ನು ಒಂದು.

ಇದು ಬರೀ ನೇಯ್ಗೆಯ ತಂತ್ರದ ಮಾತಲ್ಲ, ಮನೆಯ ಸ್ವರೂಪಕ್ಕೂ ಸಂಬಂಧಿಸಿದ್ದು ಎಂದು ನನಗನ್ನಿಸುತ್ತದೆ. ದಿನಕ್ಕೆರಡು ಬಾರಿ ಬಿಚ್ಚಿ ಸುತ್ತುವ, ಕೊಡವಿ ಬಿಸಿಲಿಗೆ ಹಾಕುವ, ಹೇಗೆ ಬಿದ್ದರೂ ಸರಿಯೆನ್ನುವ ಮನೆಗೆ ಎರಡು ಮುಖದ ಹಾಸೇ ತಕ್ಕದ್ದು. ಒಂದು ಮಗ್ಗುಲು ಮಾಸಿದರೆ ಇನ್ನೊಂದು ಇದೆ. ಗಂಟಿನ ಕಾರ್ಪೆಟ್ಟಾದರೋ ಕದಲದ ವಸ್ತು. ಅದು ಕೋಣೆಗೆ ಒಂದು ಗೊತ್ತಾದ ಕೆಲಸವಿದೆ, ಮೇಜು ಮಂಚಗಳಿಗೆ ಗೊತ್ತಾದ ಜಾಗವಿದೆ ಎಂದು ಮೊದಲೇ ಭಾವಿಸಿಕೊಂಡು ಬರುತ್ತದೆ.

ಅಂಥ ಕಾರ್ಪೆಟ್ಟೂ ಬೆಂಗಳೂರಿನಲ್ಲಿ ತಯಾರಾಯಿತು. ಆದರೆ ತಯಾರಾದ ಜಾಗ ಸೆಂಟ್ರಲ್ ಜೈಲು! ತುರ್ತು ಪರಿಸ್ಥಿತಿಯಲ್ಲಿ, 1975ರಲ್ಲಿ, ವಾಜಪೇಯಿ ಮತ್ತು ಆಡ್ವಾಣಿಯವರನ್ನು ಇಟ್ಟಿದ್ದ ಜೈಲೆಂದು ನಾವು ಬಲ್ಲ, ಈಗ ಫ್ರೀಡಂ ಪಾರ್ಕ್ ಆಗಿರುವ ಅದೇ ಆವರಣ. ಅಲ್ಲಿ ಕೈದಿಗಳು ಪರ್ಷಿಯಾ ಮತ್ತು ತುರ್ಕಿಯ ನಮೂನೆಗಳನ್ನು ನೋಡಿ ನೆಯ್ದ ಗಂಟಿನ ಕಾರ್ಪೆಟ್ಟುಗಳು ಬಹುಶಃ ಭಾರತದಲ್ಲೇ ಅತ್ಯುತ್ತಮವೆಂದು ಅದೇ ಗೆಜೆಟಿಯರ್ ಸರ್ಟಿಫಿಕೇಟು ಕೊಡುತ್ತದೆ. ಆ ಕಾಲದಲ್ಲಿ ಜೈಲಿನ ಕಾರ್ಪೆಟ್ಟು ಸಾಮಾನ್ಯವೇ. ವಿಕ್ಟೋರಿಯಾ ರಾಣಿಯ ವಿಂಡ್ಸರ್ ಕೋಟೆಯ ವಾಟರ್‌ಲೂ ಚೇಂಬರಿನಲ್ಲಿರುವ ಸುಮಾರು ಎರಡು ಟನ್ ತೂಕದ ಕಾರ್ಪೆಟ್ಟನ್ನು ನೆಯ್ದವರು ಆಗ್ರಾ ಜೈಲಿನ ಕೈದಿಗಳು. ಕೂಲಿಯಿಲ್ಲದ ಕೈಗಳ ಎದುರು ಪೇಟೆಯ ನೇಕಾರ ಎಷ್ಟು ದಿನ ನಿಂತಾನು? ಜೈಲಿನ ಪೈಪೋಟಿ ವಂಶಪಾರಂಪರ್ಯದ ನೇಕಾರರನ್ನು ಹಾಳುಮಾಡುತ್ತಿದೆ ಎಂದು ಬರ್ಡ್‌ವುಡ್ ಆಗಲೇ ದೂರಿದ್ದ. ಜೊತೆಗೆ ಅಗ್ಗದ ರಾಸಾಯನಿಕ ಬಣ್ಣ, ಗಿರಣಿಯ ಸರಕು. ಎರಡು ಮುಖದ ಬೆಂಗಳೂರು ಹಾಸು ಹೀಗೆ ಹಿಂದೆ ಸರಿಯುತ್ತ ಹೋಯಿತು.

ಇನ್ನು, ಮಂಚದ ಬದಿಗೆ ಚಿಕ್ಕ ಹಾಸು ಹಾಕುವ ಪದ್ಧತಿಯ ವಿಷಯ. ಅದು ಇಂಗ್ಲೆಂಡಿನಿಂದ, ದಂಡಿನ ಬಂಗಲೆಗಳ ಮೂಲಕ ಬಂದದ್ದು. 1809ರಲ್ಲಿ ದಂಡು ಪ್ರದೇಶ ನೆಲೆಗೊಂಡ ಮೇಲೆ ಬೆಂಗಳೂರಿನಲ್ಲಿ ಎರಡು ಬಗೆಯ ಮನೆಗಳು ಅಕ್ಕಪಕ್ಕ ಬೆಳೆದವು. ಒಂದರಲ್ಲಿ ಮಂಚಕ್ಕೆಂದೇ ಕೋಣೆ, ಇನ್ನೊಂದರಲ್ಲಿ ನಡುಮನೆ. ಇಂಗ್ಲೆಂಡಿನಲ್ಲೂ ಮೊದಲು ಗೋಡೆಯಿಂದ ಗೋಡೆಗೆ ಕಾರ್ಪೆಟ್ಟು ಹೊಡೆಸುವುದೇ ಅಂತಸ್ತಿನ ಗುರುತಾಗಿತ್ತು. ರೋಗಿಯ ಕೋಣೆಯಲ್ಲಿ ಕಾರ್ಪೆಟ್ಟಿನಷ್ಟು ಕೆಟ್ಟದ್ದು ಇನ್ನೊಂದಿಲ್ಲ, ಅದು ಕಾಲಿನ ಕೊಳೆಯನ್ನೆಲ್ಲ ಹೀರಿ ಇಟ್ಟುಕೊಳ್ಳುತ್ತದೆ ಎಂದು ಫ್ಲಾರೆನ್ಸ್ ನೈಟಿಂಗೇಲ್ 1859ರ ತಮ್ಮ ಶುಶ್ರೂಷೆಯ ಪುಸ್ತಕದಲ್ಲಿ ಖಂಡಿಸಿದರು. 1868ರಲ್ಲಿ ಗೃಹಾಲಂಕಾರದ ಬಗ್ಗೆ ಬರೆದ ಚಾರ್ಲ್ಸ್ ಈಸ್ಟ್‌ಲೇಕ್, ಸುತ್ತಲೂ ನೆಲದ ಅಂಚು ಕಾಣುವಂತೆ ಹಾಸಬೇಕೆಂದ. ಕಾರ್ಪೆಟ್ಟು ಗೋಡೆ ಬಿಟ್ಟು ಒಳಗೆ ಸರಿಯಿತು. ಮಲಗುವ ಕೋಣೆಯಲ್ಲಂತೂ ಎತ್ತಿ ಕೊಡವಬಹುದಾದ ತುಂಡುಗಳಾಯಿತು. ಕೊಡವುವ ಬುದ್ಧಿ ನಮ್ಮ ನಡುಮನೆಗೆ ಯಾವತ್ತೂ ಇತ್ತು ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲು ಮನಸ್ಸಾಗದು.

ಉತ್ತರ ಬೆಂಗಳೂರಿನ ಸಾಮಾನ್ಯ ಮನೆಗಳಿಗೆ ಮಂಚದ ಕೋಣೆ ಬಂದದ್ದು ಸ್ವಾತಂತ್ರ್ಯದ ನಂತರ. ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದವು. ಕಾರ್ಖಾನೆಯ ಕ್ವಾರ್ಟರ್ಸಿನ ನಕ್ಷೆಯಲ್ಲಿ ಒಂದು ಚೌಕದೊಳಗೆ ‘ಬೆಡ್‌ರೂಂ’ ಎಂದು ಬರೆದಿರುತ್ತಿತ್ತು. ಹಾಗೆ ಬರೆದ ಮೇಲೆ ಅಲ್ಲಿ ಮಂಚ ಬೇಕೇಬೇಕು! ಆಮೇಲೆ ರವೀಂದ್ರನಾಥ ಟಾಗೋರ್ ನಗರದಂಥ ಬಡಾವಣೆಗಳ ಮೂವತ್ತು–ನಲವತ್ತರ ನಿವೇಶನಗಳು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲಂತೂ ಹೆಬ್ಬಾಳದಿಂದ ಯಲಹಂಕದಾಚೆಗೂ ಅಪಾರ್ಟ್‌ಮೆಂಟುಗಳ ಸಾಲು. ನೆಲವೂ ಬದಲಾಯಿತು: ಸಗಣಿ ಸಾರಿಸಿದ ನೆಲ ಹೋಗಿ ರೆಡ್ ಆಕ್ಸೈಡ್, ಅದು ಹೋಗಿ ಮೊಸಾಯಿಕ್, ಅದೂ ಹೋಗಿ ಕನ್ನಡಿಯಂತೆ ಹೊಳೆಯುವ ವಿಟ್ರಿಫೈಡ್ ಟೈಲ್ಸ್. ಈ ಕೊನೆಯದರ ಮೇಲೆ ಬಿಡಿಯಾಗಿ ಹಾಸಿದ ಜಮಖಾನ ಜಾರುತ್ತದೆ. ರಾತ್ರಿ ಬಚ್ಚಲಿಗೆ ಏಳುವ ವಯಸ್ಸಾದವರಿಗೆ ಇದು ಸೊಂಟದ ಮೂಳೆಯ ಪ್ರಶ್ನೆ.

ಆದ್ದರಿಂದ ಜಾಗದ ಲೆಕ್ಕ ಸ್ವಲ್ಪ ನೋಡೋಣ. ಉತ್ತರಕ್ಕೆ ತಲೆ ಹಾಕಬಾರದೆಂಬ ಪದ್ಧತಿ ಇರುವುದರಿಂದ ಹೆಚ್ಚಿನ ಮನೆಗಳಲ್ಲಿ ಮಂಚದ ಜಾಗ ಮೊದಲೇ ತೀರ್ಮಾನವಾಗಿರುತ್ತದೆ. ಹಾಸು ಅದನ್ನು ಅನುಸರಿಸಬೇಕು. ಕೋಣೆ 10 ಅಡಿ ಅಗಲ, ಮಂಚ 5 ಅಡಿ ಅಗಲವೆಂದುಕೊಳ್ಳಿ. 8 ಅಡಿ ಉದ್ದ, 5 ಅಡಿ ಅಗಲದ ಹಾಸನ್ನು ಮಂಚಕ್ಕೆ ಅಡ್ಡಲಾಗಿ, ತಲೆದಿಂಬಿನ ಕಡೆ ಬಿಟ್ಟು ಕಾಲಿನ ಕಡೆಯ ಭಾಗಕ್ಕೆ ಬರುವಂತೆ ಹಾಸಿದರೆ ಎರಡೂ ಪಕ್ಕ ಒಂದೂವರೆ ಅಡಿ ಹೊರಗುಳಿಯುತ್ತದೆ. ಇಳಿದವರ ಪಾದ ಹಾಸಿನ ಮೇಲೇ ಬೀಳುತ್ತದೆ, ಮಂಚದ ಕಾಲಿನ ಭಾರಕ್ಕೆ ಹಾಸು ಕದಲದು, ಗೋಡೆಯ ಪಕ್ಕ ಕಸ ಗುಡಿಸಲು ಒಂದಡಿ ನೆಲವೂ ಸಿಗುತ್ತದೆ. ಬೀರು ಇಟ್ಟು ಮಂಚ ಗೋಡೆಗೆ ಒತ್ತಿದ್ದರೆ ಇಳಿಯುವ ಬದಿಗೊಂದು ಪಟ್ಟಿ ಸಾಕು. ಆದರೆ ಅದರ ಕೆಳಗೆ ಜಾರದ ರಬ್ಬರ್ ಜಾಲರಿ ಇರಲಿ, ಬಾಗಿಲು ತೆರೆಯುವ ದಾರಿಗೆ ಅಂಚು ಸಿಕ್ಕದಿರಲಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಇಲ್ಲಿ ತಿರುಗಿಸಿ, ಕಾಲು ಬೀಳುವಷ್ಟು ಹಾಸು ಎನ್ನಬಹುದು. ನಮಾಜಿನ ಹಾಸಿರುವ ಮನೆಗಳಲ್ಲಿ ಅದಕ್ಕೆ ಕಾಬಾದ ದಿಕ್ಕೇ ಪ್ರಮಾಣ. ಅದು ಸುತ್ತಿಟ್ಟು ಮತ್ತೆ ಬಿಚ್ಚುವ ಹಳೆಯ ಪದ್ಧತಿಯಲ್ಲೇ ಇಂದಿಗೂ ನಡೆದಿದೆ.

ಆರಿಸುವಾಗ ಮಾಡಬೇಕಾದ ಮೊದಲ ಕೆಲಸ ಹಾಸನ್ನು ತಿರುಗಿಸಿ ನೋಡುವುದು. ಬೆನ್ನಿಗೆ ಅಂಟು ಬಳಿದು ಬಟ್ಟೆ ಮೆತ್ತಿದ್ದರೆ ಅದು ಬಂದೂಕಿನಂಥ ಯಂತ್ರದಿಂದ ನೂಲು ಚುಚ್ಚಿ ಮಾಡಿದ್ದು. ಕೆಲವು ವರ್ಷಗಳಲ್ಲಿ ಅಂಟು ಪುಡಿಯಾಗಿ ಉದುರುತ್ತದೆ. ಬೆನ್ನಲ್ಲೂ ಚಿತ್ತಾರ ಸ್ಪಷ್ಟವಾಗಿ ಕಂಡರೆ ಅದು ಗಂಟಿನದು, ಬೆಲೆಯೂ ಹಾಗೇ. ಬೆನ್ನೇ ಇಲ್ಲದಿದ್ದರೆ ಜಮಖಾನ. ಎಲ್ಲ ಕಡೆ ಕಟ್ಟಡ ಏಳುತ್ತ ಕೆಂಪು ಧೂಳು ತುಂಬುವ ಬಡಾವಣೆಗಳಿಗೆ, ನೀರಿಗೆ ಹಾಕಿ ತೊಳೆಯಬಹುದಾದ ಹತ್ತಿಯ ಜಮಖಾನವೇ ಮೇಲೆಂದು ನನ್ನ ಮತ. ಉಣ್ಣೆಯದಕ್ಕೆ ಮಳೆಗಾಲದಲ್ಲಿ ನುಸಿಯ ಕಾಟ ಬೇರೆ.

ಎರಡು ಮುಖದ ನೇಯ್ಗೆ ಕರ್ನಾಟಕದಲ್ಲಿ ಇನ್ನೂ ಜೀವ ಹಿಡಿದಿರುವ ಹೆಸರಾಂತ ಜಾಗ ಧಾರವಾಡ ಜಿಲ್ಲೆಯ ನವಲಗುಂದ, 1980ರ ರೈತ ಬಂಡಾಯದಿಂದ ನಮಗೆ ಪರಿಚಿತವಾದ ಊರು. ಅಲ್ಲಿ ಜಮಖಾನ ನೇಯುವವರು ಮುಸ್ಲಿಂ ಹೆಂಗಸರು. ತಮ್ಮ ಹಿರಿಯರು ಆದಿಲ್‌ಶಾಹಿಗಳ ವಿಜಾಪುರದಿಂದ ಬಂದವರೆಂಬ ನೆನಪು ಅವರಲ್ಲಿದೆ. ನೆಟ್ಟಗೆ ನಿಂತ ಮಗ್ಗದ ಮುಂದೆ ಕುಳಿತು, ಲೋಹದ ಪಂಜದಿಂದ ಹೊಕ್ಕನ್ನು ಬಡಿದು, ನವಿಲು, ಪಗಡೆ ಹಾಸುಗಳ ಚಿತ್ತಾರ ತೆಗೆಯುತ್ತಾರೆ. ಹೆಣ್ಣುಮಕ್ಕಳು ಮದುವೆಯಾಗಿ ಹೋದರೆ ವಿದ್ಯೆಯೂ ಹೊರಗೆ ಹೋಗುತ್ತದೆಂದು ಮಗಳಿಗೆ ಕಲಿಸದೆ ಸೊಸೆಗೆ ಕಲಿಸುತ್ತಿದ್ದರು ಎಂಬ ಮಾತೂ ಇದೆ. 2011ರಲ್ಲಿ ನವಲಗುಂದ ಜಮಖಾನಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಹೆಸರಿಗೆ ರಕ್ಷಣೆ ಬಂತು, ಕೈಗಳಿಗೆ ಕೂಲಿ ಅಷ್ಟಾಗಿ ಬರಲಿಲ್ಲ. ಮಗ್ಗದ ಮುಂದೆ ಈಗ ಉಳಿದಿರುವವರು ಕೆಲವೇ ಹೆಂಗಸರು. ಮಂಚದ ಬದಿಯ ಪಟ್ಟಿ ಅವರ ಮಗ್ಗಕ್ಕೆ ಹೊಸದೇನಲ್ಲ. ನಮಾಜಿನ ಹಾಸನ್ನು ನೆಯ್ದ ಕೈಗೆ ಆ ಅಳತೆ ಅಭ್ಯಾಸವಾಗಿಯೇ ಇದೆ.

ಯಲಹಂಕದ ಹಳೆಯ ಮನೆತನಗಳ ಅಟ್ಟದ ಮೇಲೆ ಬೇವಿನ ಸೊಪ್ಪು ಹಾಕಿ ಸುತ್ತಿಟ್ಟ ಜಮಖಾನಗಳು ಇನ್ನೂ ಇದ್ದಾವು. ಮದುವೆಯ ಹಿಂದಿನ ರಾತ್ರಿ ನೆಂಟರು ತುಂಬಿ ಮಂಚಗಳು ಸಾಲದಾದಾಗ ಅವು ಕೆಳಗಿಳಿಯುತ್ತವೆ. ಅಂದು ಹಾಲಿನ ಸೋಫಾಗಳೆಲ್ಲ ಗೋಡೆಗೆ ಸರಿಯುತ್ತವೆ, ಟೈಲ್ಸ್ ನೆಲದ ತುಂಬ ಹತ್ತು ಹನ್ನೆರಡು ಜನ ಸಾಲಾಗಿ ಮಲಗುತ್ತಾರೆ. ಯಾವ ಮಗ್ಗುಲು ಮೇಲೆ ಬಂದಿದೆ ಎಂದು ಯಾರೂ ನೋಡುವುದಿಲ್ಲ.