ಅಮೆರಿಕದ ಗಡಿನಾಡು ಹಾಗೂ ನದೀಜೀವನದ ತೈಲಚಿತ್ರಗಳು

ಹತ್ತೊಂಬತ್ತನೆಯ ಶತಮಾನದಲ್ಲಿ, ವಿಶೇಷವಾಗಿ 1830ರಿಂದ 1860ರವರೆಗಿನ ಮೂರು ದಶಕಗಳಲ್ಲಿ, ಅಮೆರಿಕ ಸಂಯುಕ್ತ ಸಂಸ್ಥಾನದ ಪಶ್ಚಿಮದ ಗಡಿನಾಡನ್ನೂ ಅಲ್ಲಿಯ ಮಹಾನದಿಗಳಾದ ಮಿಸಿಸಿಪಿ, ಮಿಸೌರಿ, ಒಹಾಯೊಗಳನ್ನು ಆಶ್ರಯಿಸಿದ್ದ ಜನಜೀವನವನ್ನೂ ವಸ್ತುವಾಗಿ ಉಳ್ಳ ಚಿತ್ರಪರಂಪರೆ. ತುಪ್ಪಳದ ವರ್ತಕರು, ಬೇಟೆಗಾರರು, ದೋಣಿಗಾರರು, ತೆಪ್ಪದವರು, ಹೊಸ ನೆಲವನ್ನರಸಿ ಸಂಸಾರಸಮೇತ ಹೊರಟ ವಲಸೆಗಾರರು, ಹಳ್ಳಿಯ ಚುನಾವಣೆಗೆ ನೆರೆದ ಮಂದಿ, ಇವರೆಲ್ಲರೂ ಈ ಪಟಗಳಲ್ಲಿ ಕಾಣಸಿಗುತ್ತಾರೆ. ಇವನ್ನು ಆ ಕಾಲದ ಯಥಾವತ್ತಾದ ದಾಖಲೆಗಳೆಂದು ಗ್ರಹಿಸುವ ವಾಡಿಕೆಯುಂಟಾದರೂ, ಇವುಗಳಲ್ಲಿ ಶ್ರೇಷ್ಠವೆನಿಸಿದ ಜಾರ್ಜ್ ಕೇಲೆಬ್ ಬಿಂಗ್‌ಹ್ಯಾಮನ ಕೃತಿಗಳು, ಅಳಿವಿನ ಅಂಚಿಗೆ ಬಂದಿದ್ದ ಒಂದು ಬಾಳನ್ನು ಪೂರ್ವತೀರದ ನಗರವಾಸಿಗಳ ಗೋಡೆಗೆ ಒಪ್ಪುವಂತೆ ಪ್ರಶಾಂತಗೊಳಿಸಿ, ಶ್ರಮವನ್ನು ವಿರಾಮವಾಗಿ ಮಾರ್ಪಡಿಸಿ ರಚಿಸಿದ ಕಲ್ಪನೆಗಳಾಗಿವೆ. ಅವುಗಳ ಸೌಂದರ್ಯಕ್ಕೂ ಅವುಗಳ ಮಿತಿಗೂ ಕಾರಣ ಇದೊಂದೇ.

1803ರಲ್ಲಿ ಫ್ರಾನ್ಸಿನಿಂದ ಲೂಸಿಯಾನ ಪ್ರದೇಶವನ್ನು ಕೊಂಡುದರಿಂದ ಸಂಯುಕ್ತ ಸಂಸ್ಥಾನದ ವಿಸ್ತಾರವು ಹೆಚ್ಚುಕಡಮೆ ಇಮ್ಮಡಿಯಾಯಿತು. ಆ ವಿಶಾಲ ಭೂಭಾಗದಲ್ಲಿ ರಸ್ತೆಗಳಿರಲಿಲ್ಲ, ನದಿಗಳೇ ರಾಜಮಾರ್ಗಗಳಾಗಿದ್ದವು. ಮಿಸೌರಿಯು ಮಿಸಿಸಿಪಿಯನ್ನು ಸೇರುವ ಸ್ಥಳಕ್ಕೆ ತುಸು ಕೆಳಗಿರುವ ಸೇಂಟ್ ಲೂಯಿ ಪಟ್ಟಣವು ತುಪ್ಪಳದ ವ್ಯಾಪಾರಕ್ಕೆ ಕೇಂದ್ರವಾಯಿತು. ಧಾನ್ಯವನ್ನೂ ಹಂದಿಮಾಂಸವನ್ನೂ ಹೇರಿಕೊಂಡ ಚಪ್ಪಟೆ ತಳದ ದೋಣಿಗಳು ಪ್ರವಾಹದೊಡನೆ ನ್ಯೂ ಆರ್ಲಿಯನ್ಸಿನವರೆಗೆ ತೇಲಿಹೋಗಿ, ಸರಕು ಮಾರಾಟವಾದ ಮೇಲೆ ತಾವೂ ಮರದ ಹಲಗೆಗಳಾಗಿ ಮಾರಾಟವಾಗುತ್ತಿದ್ದವು; ಏಕೆಂದರೆ ಅವನ್ನು ಪ್ರವಾಹಕ್ಕೆದುರಾಗಿ ಹಿಂದಕ್ಕೆ ತರುವುದು ಅಸಾಧ್ಯವಾಗಿದ್ದಿತು. ಮೇಲ್ಮುಖವಾಗಿ ಸಾಗಬೇಕಾದ ಕೀಲ್‌ಬೋಟುಗಳನ್ನಾದರೋ ಜನರು ಉದ್ದನೆಯ ಗಳುಗಳಿಂದ ಒತ್ತಿಯೂ, ದಡದ ಕೆಸರಿನಲ್ಲಿ ನಡೆಯುತ್ತ ಹಗ್ಗದಿಂದ ಎಳೆದೂ, ತಿಂಗಳುಗಟ್ಟಲೆ ಮೈಮುರಿದು ದುಡಿದು ಒಯ್ಯುತ್ತಿದ್ದರು. 1817ರಲ್ಲಿ ಮೊತ್ತಮೊದಲ ಉಗಿಹಡಗು ಸೇಂಟ್ ಲೂಯಿಯನ್ನು ಮುಟ್ಟಿದ ಮೇಲೆ ಈ ಕ್ರಮವು ಮೆಲ್ಲಮೆಲ್ಲನೆ ಹಿಂದೆ ಸರಿಯತೊಡಗಿತು. ದೋಣಿಗಾರರು ಚಿತ್ರಕಾರರ ಕಣ್ಣಿಗೆ ಬಿದ್ದದ್ದು ಅವರ ವೃತ್ತಿಯ ಏರುಗಾಲದಲ್ಲಲ್ಲ, ಇಳಿಗಾಲದಲ್ಲಿ ಎಂಬುದನ್ನು ನೆನಪಿಡತಕ್ಕದ್ದು.

ಪಶ್ಚಿಮಕ್ಕೆ ಮೊದಲು ಹೊರಟ ಚಿತ್ರಕಾರರ ಲಕ್ಷ್ಯವು ದೋಣಿಗಾರರ ಕಡೆಗಿರದೆ ಮೂಲನಿವಾಸಿಗಳ ಕಡೆಗಿದ್ದಿತು. ನ್ಯಾಯವಾದಿಯ ವೃತ್ತಿಯನ್ನು ತೊರೆದು ಕುಂಚವನ್ನು ಹಿಡಿದ ಜಾರ್ಜ್ ಕ್ಯಾಟ್ಲಿನ್ (1796–1872) ಎಂಬಾತನು 1832ರಲ್ಲಿ ‘ಯೆಲೊ ಸ್ಟೋನ್’ ಎಂಬ ಉಗಿಹಡಗನ್ನೇರಿ ಮಿಸೌರಿಯ ಮೇಲ್ದಾರಿಯಲ್ಲಿ ಫೋರ್ಟ್ ಯೂನಿಯನ್‌ವರೆಗೆ ಪಯಣಿಸಿ, ಮ್ಯಾಂಡನ್ ಮೊದಲಾದ ಜನಾಂಗಗಳ ಮುಖ್ಯಸ್ಥರ ಭಾವಚಿತ್ರಗಳನ್ನೂ ಅವರ ಆಚರಣೆಗಳನ್ನೂ ಬಹು ತ್ವರೆಯಿಂದ ಬರೆದುಕೊಂಡನು. ಐದೇ ವರ್ಷಗಳ ತರುವಾಯ, ಅಂತಹುದೇ ಮತ್ತೊಂದು ಹಡಗಿನೊಡನೆ ಬಂದ ಸಿಡುಬಿನ ಬೇನೆಯು ಮ್ಯಾಂಡನ್ ಜನಾಂಗವನ್ನು ಬಹುಮಟ್ಟಿಗೆ ನಿರ್ನಾಮ ಮಾಡಿತಾಗಿ, ಕ್ಯಾಟ್ಲಿನ್ನನ ಚಿತ್ರಗಳಿಗೆ ಅವನೂ ಎಣಿಸದಿದ್ದ ಬೆಲೆ ಬಂದಿತು. ಆದರೂ ಅವನ ಸಂಗ್ರಹವನ್ನು ಕೊಳ್ಳಲು ಕಾಂಗ್ರೆಸ್ಸು ಒಪ್ಪಲಿಲ್ಲ. ಅವನು 1852ರಲ್ಲಿ ದಿವಾಳಿಯಾದಾಗ ಫಿಲಡೆಲ್ಫಿಯದ ರೈಲ್ವೆ ಎಂಜಿನುಗಳ ತಯಾರಕನೊಬ್ಬನು ಸಾಲಕ್ಕೆ ಆಧಾರವಾಗಿ ಆ ಚಿತ್ರಗಳನ್ನು ವಶಪಡಿಸಿಕೊಂಡನು. ಅವು ಸ್ಮಿತ್‌ಸೋನಿಯನ್ ಸಂಸ್ಥೆಗೆ ದಾನವಾಗಿ ಸಂದದ್ದು 1879ರಲ್ಲಿ, ಚಿತ್ರಕಾರನು ತೀರಿಕೊಂಡ ಏಳು ವರ್ಷಗಳ ಮೇಲೆ. ಕ್ಯಾಟ್ಲಿನ್ನನ ರೇಖೆ ಒರಟು, ಅಂಗರಚನೆಯ ಜ್ಞಾನ ಅಲ್ಪ. ಆದರೆ ತನ್ನೆದುರಿಗೆ ಕುಳಿತವನನ್ನು ಒಬ್ಬ ವ್ಯಕ್ತಿಯೆಂದು ಗೌರವಿಸಿ ನೋಡುವ ಗುಣವು ಅವನಲ್ಲಿದ್ದಿತು, ಅವನಿಗಿಂತ ಕುಶಲರಾದ ಅನೇಕರಲ್ಲಿ ಅದು ಇರಲಿಲ್ಲ. 1837ರಲ್ಲಿ ಸ್ಕಾಟ್ಲೆಂಡಿನ ಶ್ರೀಮಂತನೊಬ್ಬನ ಪರಿವಾರದೊಡನೆ ರಾಕಿ ಪರ್ವತಗಳಿಗೆ ತೆರಳಿ ತುಪ್ಪಳ ಬೇಟೆಗಾರರ ವಾರ್ಷಿಕ ಸಂತೆಯನ್ನು ಕಂಡ ಆಲ್ಫ್ರೆಡ್ ಜೇಕಬ್ ಮಿಲ್ಲರನು ಅದನ್ನೇ ಮಸುಕುಬೆಳಕಿನ ರಮ್ಯ ಶೈಲಿಯಲ್ಲಿ ಜೀವಮಾನವಿಡೀ ಮತ್ತೆಮತ್ತೆ ಬರೆದನು. ಚಾರ್ಲ್ಸ್ ಡೀಸ್ ಎಂಬವನ ‘ಲಾಂಗ್ ಜೇಕ್ಸ್’ (1844) ಒಂಟಿ ಬೇಟೆಗಾರನ ಪ್ರತಿಮೆಯನ್ನು ನ್ಯೂಯಾರ್ಕಿನ ಪ್ರೇಕ್ಷಕರಿಗೆ ಪರಿಚಯಿಸಿತು; ಆದರೆ ಡೀಸನಿಗೆ 1848ರಲ್ಲಿ ಬುದ್ಧಿವಿಭ್ರಮವುಂಟಾಗಿ ಅವನ ಕಲಾಜೀವನವು ಅಕಾಲದಲ್ಲಿ ಮುಗಿಯಿತು.

ಈ ಪರಂಪರೆಯ ಮುಖ್ಯ ಪುರುಷನಾದ ಬಿಂಗ್‌ಹ್ಯಾಮನು 1811ರಲ್ಲಿ ವರ್ಜೀನಿಯದಲ್ಲಿ ಜನಿಸಿದನು. ತಂದೆಯು ಪರರ ಸಾಲಕ್ಕೆ ಜಾಮೀನು ನಿಂತು ಗಿರಣಿಯನ್ನೂ ಜಮೀನನ್ನೂ ಕಳೆದುಕೊಂಡುದರಿಂದ ಕುಟುಂಬವು 1819ರಲ್ಲಿ ಮಿಸೌರಿ ದಡದ ಫ್ರಾಂಕ್ಲಿನ್ ಎಂಬ ಊರಿಗೆ ಬಂದು ನೆಲಸಿತು. ಮರುವರ್ಷವೇ ಚೆಸ್ಟರ್ ಹಾರ್ಡಿಂಗ್ ಎಂಬ ಭಾವಚಿತ್ರಕಾರನು, ಗಡಿನಾಡಿನ ವೀರನೆಂದು ಹೆಸರಾಗಿದ್ದ ವೃದ್ಧ ಡೇನಿಯಲ್ ಬೂನನ ಮುಖವನ್ನು ಬರೆದುಕೊಂಡು ಆ ಊರಿಗೆ ಬಂದಿದ್ದಾಗ, ಒಂಬತ್ತು ವರ್ಷದ ಬಾಲಕನು ಅವನ ಬಳಿ ಕೈಯಾಳಾಗಿ ನಿಂತು ಬಣ್ಣವು ಮುಖವಾಗುವುದನ್ನು ನೋಡಿದನು. 1823ರಲ್ಲಿ ತಂದೆಯು ತೀರಿಕೊಂಡನು. ತಾಯಿಯು ಹುಡುಗಿಯರಿಗಾಗಿ ಶಾಲೆಯೊಂದನ್ನು ನಡೆಸಿ ಸಂಸಾರವನ್ನು ಸಾಕಿದಳು. ಮಗನು ಬಡಗಿಯೊಬ್ಬನಲ್ಲಿ ಪೀಠೋಪಕರಣಗಳ ಕೆಲಸವನ್ನು ಕಲಿತು, ತರುವಾಯ ತನ್ನ ಸ್ವಪ್ರಯತ್ನದಿಂದ ಚಿತ್ರಕಲೆಯನ್ನು ಸಾಧಿಸಿ, ಊರೂರು ಅಲೆದು ಭಾವಚಿತ್ರಗಳನ್ನು ಬರೆದು ಜೀವಿಸತೊಡಗಿದನು. ಗುರುವಿನ ಸ್ಥಾನದಲ್ಲಿ ಅವನಿಗಿದ್ದವು ರೇಖನದ ಕೈಪಿಡಿಗಳು ಹಾಗೂ ಐರೋಪ್ಯ ಚಿತ್ರಗಳ ಅಚ್ಚಿನ ಪ್ರತಿಗಳು. ಇದು ಗಮನಾರ್ಹ, ಏಕೆಂದರೆ ಮುಂದೆ ಅವನು ಬರೆದ ದೋಣಿಗಾರರ ಭಂಗಿಗಳಲ್ಲಿ ಮಿಸೌರಿಯ ಕೆಸರಿನಷ್ಟೇ ಇಟಲಿಯ ಪುನರುಜ್ಜೀವನ ಕಾಲದ ಗೋಪುರಾಕಾರದ ಸಂಯೋಜನೆಯೂ ಬೆರೆತಿದೆ. 1838ರಲ್ಲಿ ಫಿಲಡೆಲ್ಫಿಯಕ್ಕೆ ಹೋಗಿ ಕೆಲವು ತಿಂಗಳು ಅಭ್ಯಾಸ ಮಾಡಿ, 1840ರ ದಶಕದ ಆದಿಭಾಗದಲ್ಲಿ ರಾಜಧಾನಿ ವಾಷಿಂಗ್ಟನ್ನಿನಲ್ಲಿ ರಾಜಕಾರಣಿಗಳ ಮುಖಗಳನ್ನು ಬರೆಯುತ್ತ ಅವನು ಹೇಗೋ ಕಾಲಕ್ಷೇಪ ಮಾಡುತ್ತಿದ್ದನು.

ಅವನನ್ನು ಭಾವಚಿತ್ರಗಳಿಂದ ನದಿಯ ಕಡೆಗೆ ತಿರುಗಿಸಿದ್ದು ನ್ಯೂಯಾರ್ಕಿನ ಅಮೆರಿಕನ್ ಆರ್ಟ್ ಯೂನಿಯನ್ ಎಂಬ ಸಂಸ್ಥೆ. ಇದರ ವ್ಯವಸ್ಥೆಯು ವಿಲಕ್ಷಣವಾಗಿದ್ದಿತು. ವರ್ಷಕ್ಕೆ 5 ಡಾಲರ್ ಚಂದಾ ಕೊಟ್ಟ ಪ್ರತಿಯೊಬ್ಬನಿಗೂ ಯಾವುದಾದರೊಂದು ಚಿತ್ರದ ಅಚ್ಚಿನ ಪ್ರತಿಯು ದೊರೆಯುತ್ತಿತ್ತು. ಅಷ್ಟಲ್ಲದೆ ವರ್ಷಾಂತ್ಯದಲ್ಲಿ ನಡೆಯುತ್ತಿದ್ದ ಲಾಟರಿಯಲ್ಲಿ ಅದೃಷ್ಟವಿದ್ದವನಿಗೆ ಮೂಲಚಿತ್ರವೇ ದಕ್ಕುತ್ತಿತ್ತು. 1849ರ ವೇಳೆಗೆ ಸದಸ್ಯರ ಸಂಖ್ಯೆಯು 19,000ವನ್ನು ಸಮೀಪಿಸಿತು. ಈ ಸಂಸ್ಥೆಗೆ ಬೇಕಾಗಿದ್ದುದು ಐರೋಪ್ಯ ಪುರಾಣಗಳಲ್ಲ, ಸ್ವದೇಶೀ ವಸ್ತು. ಅದರ ಸದಸ್ಯರಲ್ಲಿ ಬಹುಮಂದಿ ಮಿಸೌರಿಯನ್ನು ಎಂದೂ ಕಾಣದ ಪೂರ್ವದ ವರ್ತಕರು ಮತ್ತು ಗುಮಾಸ್ತರು. ಬಿಂಗ್‌ಹ್ಯಾಮನ ಇಪ್ಪತ್ತರಷ್ಟು ಚಿತ್ರಗಳನ್ನು ಕೊಂಡ ಈ ಗ್ರಾಹಕನ ಅಭಿರುಚಿಯನ್ನು ಲಕ್ಷಿಸದೆ ಆ ಚಿತ್ರಗಳನ್ನು ವಿಮರ್ಶಿಸುವುದು ಸಲ್ಲದು.

1845ರಲ್ಲಿ ಅವನು ಸಂಸ್ಥೆಗೆ ಕಳುಹಿಸಿದ ಚಿತ್ರಗಳಲ್ಲಿ ಒಂದಕ್ಕೆ, ಫ್ರೆಂಚ್ ವರ್ತಕ ಹಾಗೂ ಅವನ ಮಿಶ್ರರಕ್ತದ ಮಗ ಎಂಬರ್ಥದ ಹೆಸರನ್ನು ಅವನು ಕೊಟ್ಟಿದ್ದನು. ಸಂಸ್ಥೆಯವರು ಅದನ್ನು 75 ಡಾಲರಿಗೆ ಕೊಂಡು, ‘ಮಿಸೌರಿಯಲ್ಲಿ ಇಳಿಯುತ್ತಿರುವ ತುಪ್ಪಳ ವರ್ತಕರು’ ಎಂದು ಹೆಸರನ್ನು ಬದಲಿಸಿದರು. ಜನಾಂಗಗಳು ಬೆರೆತ ಕುಟುಂಬದ ಸಂಗತಿಯನ್ನು ನಗರದ ಗೃಹಸ್ಥರಿಂದ ಮರೆಮಾಡುವುದು ಇದರ ಉದ್ದೇಶವಾಗಿದ್ದಿರಬಹುದು. ಚಿತ್ರವು ಚಿಕ್ಕದು, ಎತ್ತರ ಸುಮಾರು 74 ಸೆಂಟಿಮೀಟರ್, ಅಗಲ ಸುಮಾರು 93. ಒಂದೇ ಮರವನ್ನು ಕೊರೆದು ಮಾಡಿದ ಕಿರಿದೋಣಿಯೊಂದು ಪಟದ ಅಡ್ಡಕ್ಕೆ ಸಮಾನಾಂತರವಾಗಿ ನಿಂತಂತೆ ತೇಲುತ್ತಿದೆ. ಬಲತುದಿಯಲ್ಲಿ ಚೂಪು ಟೊಪ್ಪಿಗೆಯ ಮುದುಕನು ಬಾಯಲ್ಲಿ ಹೊಗೆಸೊಪ್ಪಿನ ಕೊಳವೆಯನ್ನು ಕಚ್ಚಿ ಹುಟ್ಟುಹಾಕುತ್ತ ನಮ್ಮನ್ನು ಸಂಶಯದಿಂದ ದಿಟ್ಟಿಸುತ್ತಾನೆ. ನಡುವೆ ಸರಕಿನ ಗಂಟಿಗೆ ಒರಗಿದ ಹುಡುಗನು ಮುಗುಳ್ನಗುತ್ತಾನೆ. ಎಡತುದಿಯಲ್ಲಿ, ದೋಣಿಗೆ ಕಟ್ಟಿಹಾಕಿದ ಕಪ್ಪು ಪ್ರಾಣಿಯೊಂದು ತನ್ನ ಪ್ರತಿಬಿಂಬದ ಮೇಲೆ ಕುಳಿತಿದೆ. ಅದನ್ನು ನರಿಯೆಂದೂ ಬೆಕ್ಕೆಂದೂ ಬಗೆದವರುಂಟು. ಕರಡಿಯ ಮರಿಯೆಂಬುದು ಈಗ ಹೆಚ್ಚು ಮಂದಿಯ ಮತ. ಹಿಂದೆ ಮುಂಜಾವಿನ ಮಂಜು, ಅದರೊಳಗೆ ಕರಗಿದ ದ್ವೀಪದ ಮರಗಳು, ನೀರಿನಿಂದ ಮೇಲೆದ್ದ ಒಣ ಕೊಂಬೆಗಳು. ಮಿಸೌರಿಯಾದರೋ ಕೆಸರಿನ, ಸುಳಿಗಳ, ಕ್ಷಣಕ್ಕೊಮ್ಮೆ ಪಾತ್ರವನ್ನು ಬದಲಿಸುವ ನದಿ. ಆ ಒಣ ಕೊಂಬೆಗಳೇ ಎಷ್ಟೋ ಉಗಿಹಡಗುಗಳ ಒಡಲನ್ನು ಬಗೆದ ಶತ್ರುಗಳು. ಬಿಂಗ್‌ಹ್ಯಾಮನ ಪಟದಲ್ಲಿ ಆ ನದಿಯು ಕನ್ನಡಿಯಾಗಿದೆ. ಆದರೂ ಮುದುಕನ ನೋಟದಲ್ಲಿಯೂ ಆ ಹೆಸರಿಲ್ಲದ ಪ್ರಾಣಿಯ ಮೌನದಲ್ಲಿಯೂ ಈ ನೆಮ್ಮದಿಯನ್ನು ಒಪ್ಪದ ಅಂಶವೊಂದು ಉಳಿದುಕೊಂಡಿರುವುದರಿಂದ, ಅವನ ಸಮಸ್ತ ಕೃತಿಗಳಲ್ಲಿ ಇದೇ ಅತ್ಯಂತ ಗಹನವೆಂದು ಹೇಳಬಹುದು. ಇದೇ ವಸ್ತುವನ್ನು ಅವನು 1851ರಲ್ಲಿ ಪುನಃ ಬರೆದನು. ಆ ಚಿತ್ರದಲ್ಲಿ ಕುಶಲತೆ ಹೆಚ್ಚಿದೆ, ನಿಗೂಢತೆ ಉಳಿದಿಲ್ಲ.

ಮರುವರ್ಷದ ‘ಉಲ್ಲಾಸದ ದೋಣಿಗಾರರು’ (1846) ಎಂಬುದನ್ನು ಸಂಸ್ಥೆಯು 290 ಡಾಲರಿಗೆ ಕೊಂಡು, ಅದರ ಅಚ್ಚಿನ ಪ್ರತಿಗಳನ್ನು ಸುಮಾರು 10,000 ಸದಸ್ಯರಿಗೆ ಹಂಚಿದುದರಿಂದ ಬಿಂಗ್‌ಹ್ಯಾಮನ ಹೆಸರು ದೇಶವಿಡೀ ಪಸರಿಸಿತು. ಚಪ್ಪಟೆ ದೋಣಿಯ ಮಾಡಿನ ಮೇಲೆ ಒಬ್ಬನು ಕೈಗಳನ್ನೆತ್ತಿ ಕುಣಿಯುತ್ತಾನೆ, ಒಬ್ಬನು ಪಿಟೀಲು ಬಾರಿಸುತ್ತಾನೆ, ಹುಡುಗನೊಬ್ಬನು ತಟ್ಟೆಯನ್ನು ಬಡಿದು ತಾಳ ಹಾಕುತ್ತಾನೆ; ಉದ್ದನೆಯ ಹುಟ್ಟುಗಳು ಎರಡೂ ಕಡೆಗೆ ಚಾಚಿಕೊಂಡು ಸುಮ್ಮನಿವೆ. ಕುಣಿತದ ಚಿತ್ರವಾದರೂ ಅದರಲ್ಲಿ ಚಲನೆಯಿಲ್ಲ. ಪ್ರತಿಯೊಂದು ಮೊಣಕೈಯೂ ಮೊಣಕಾಲೂ ತ್ರಿಕೋನವೊಂದರ ಬಾಹುಗಳೊಳಗೆ ಅಳೆದು ಇಟ್ಟಂತಿದೆ. ಈ ಅಳತೆಯು ಹೇಗೆ ಸಾಧಿತವಾಯಿತೆಂಬುದಕ್ಕೆ ಅವನ ನೂರಕ್ಕೂ ಮಿಕ್ಕ ವ್ಯಕ್ತಿರೇಖಾಚಿತ್ರಗಳೇ ಸಾಕ್ಷಿ: ಒಬ್ಬೊಬ್ಬನನ್ನೂ ಬಿಡಿಯಾಗಿ ಬರೆದು, ಬಳಿಕ ಪಟದಲ್ಲಿ ತಕ್ಕ ತಾವಿನಲ್ಲಿ ಕೂರಿಸುವುದು ಅವನ ಪದ್ಧತಿಯಾಗಿದ್ದಿತು. ದುಡಿಮೆಯ ಕಾಠಿಣ್ಯಕ್ಕೂ ಮಾತಿನ ಒರಟುತನಕ್ಕೂ ಹೊಡೆದಾಟಕ್ಕೂ ಪ್ರಸಿದ್ಧರಾಗಿದ್ದ ಈ ಜನರು ಅವನ ಚಿತ್ರಗಳಲ್ಲಿ ಇಸ್ಪೀಟಾಡುತ್ತಾರೆ, ಕಾವಲು ಕೂರುತ್ತಾರೆ, ಕುಣಿಯುತ್ತಾರೆ. ಬೆವರುವುದು ಮಾತ್ರ ಇಲ್ಲವೆನ್ನುವಷ್ಟು ಅಪರೂಪ. ‘ನೆಲಕಚ್ಚಿದ ಉಗಿಹಡಗಿನ ಭಾರವಿಳಿಸಿದ ದೋಣಿ’ (1847) ಎಂಬ ಚಿತ್ರದಲ್ಲಿ ಮರಳದಿಬ್ಬಕ್ಕೆ ಸಿಕ್ಕಿಕೊಂಡ ಹಡಗು ದೂರದಲ್ಲಿದೆ. ಅದರ ಸರಕನ್ನು ಹೊತ್ತವರು ಆಗಲೇ ಮುಂದೆ ಕುಳಿತು ಹರಟುತ್ತಿದ್ದಾರೆ. ಇಲ್ಲಿ ರಾಜಕೀಯದ ಸೂಚನೆಯೂ ಉಂಟೆಂದು ತೋರುತ್ತದೆ. ನದಿ ಮತ್ತು ಬಂದರುಗಳ ಸುಧಾರಣೆಗೆ ಹಣ ಒದಗಿಸುವ ಮಸೂದೆಯನ್ನು ಅಧ್ಯಕ್ಷ ಪೋಕನು 1846ರಲ್ಲಿ ತಿರಸ್ಕರಿಸಿದ್ದನು. ಬಿಂಗ್‌ಹ್ಯಾಮನು ಅವನ ವಿರೋಧಿಗಳಾದ ವಿಗ್ ಪಕ್ಷದವನು.

ಪಕ್ಷದ ಮಾತು ಬಂದುದರಿಂದ ಅವನ ಚುನಾವಣಾ ಚಿತ್ರಗಳನ್ನು ಇಲ್ಲಿಯೇ ಹೇಳುವುದು ಲೇಸು. 1846ರಲ್ಲಿ ಅವನು ಮಿಸೌರಿಯ ಶಾಸನಸಭೆಗೆ ಮೂರೇ ಮತಗಳ ಅಂತರದಿಂದ ಗೆದ್ದು, ಎದುರಾಳಿಯ ತಕರಾರಿನಿಂದ ಸ್ಥಾನವನ್ನು ಕಳೆದುಕೊಂಡು, 1848ರಲ್ಲಿ ಅದೇ ಎದುರಾಳಿಯನ್ನು ಸೋಲಿಸಿದನು. ಆ ಅನುಭವದಿಂದ ಹುಟ್ಟಿದ ‘ಪ್ರಾಂತದ ಚುನಾವಣೆ’ (1852) ಎಂಬ ಚಿತ್ರದಲ್ಲಿ ಮತದಾರನು ನ್ಯಾಯಾಲಯದ ಮೆಟ್ಟಿಲ ಮೇಲೆ ಪ್ರಮಾಣಮಾಡಿ ತನ್ನ ಮತವನ್ನು ಎಲ್ಲರೆದುರಿಗೆ ಬಾಯಿಬಿಟ್ಟು ಹೇಳುತ್ತಾನೆ. ಕುಡಿದು ಕಾಲು ನಿಲ್ಲದವನೊಬ್ಬನನ್ನು ಮತಕ್ಕಾಗಿ ಎಳೆದು ತರುತ್ತಿದ್ದಾರೆ. ತಲೆಗೆ ಪಟ್ಟಿ ಕಟ್ಟಿಕೊಂಡವನೊಬ್ಬನು ಸೋತು ಕುಳಿತಿದ್ದಾನೆ. ಪ್ರಜಾಪ್ರಭುತ್ವವನ್ನು ಹಾಸ್ಯ ಮಾಡಿಯೂ ಅದರಲ್ಲಿ ನಂಬಿಕೆಯನ್ನು ಬಿಡದ ಇಂಥ ಚಿತ್ರವು ಆ ಕಾಲದಲ್ಲಿ ಮತ್ತೊಂದಿಲ್ಲ. ಆ ಜನಸಂದಣಿಯಲ್ಲಿ ಕರಿಯನೊಬ್ಬನೂ ಇದ್ದಾನೆ, ಪಾನೀಯವನ್ನು ಸುರಿದು ಕೊಡುತ್ತ, ಅವನಿಗೆ ಮತವಿಲ್ಲ. ಮಿಸೌರಿಯು ದಾಸ್ಯಪದ್ಧತಿಯ ರಾಜ್ಯವಾಗಿತ್ತು, ಬಿಂಗ್‌ಹ್ಯಾಮನ ಕುಟುಂಬವೂ ದಾಸರನ್ನು ಇಟ್ಟುಕೊಂಡಿತ್ತು. ಆದರೆ ಅವನ ನದಿಯ ಚಿತ್ರಗಳನ್ನು ಮಾತ್ರ ನೋಡಿದವನಿಗೆ ಆ ಸಂಗತಿಯ ಸುಳಿವೇ ಹತ್ತಲಾರದು. ಮೂಲನಿವಾಸಿಯ ಪಾಡಂತೂ ಇನ್ನೂ ಕಷ್ಟ: ‘ಅಡಗಿದ ವೈರಿ’ (1845) ಎಂಬ ಚಿತ್ರದಲ್ಲಿ ಅವನು ಬಂಡೆಯ ಮರೆಯ ಬೆದರಿಕೆ ಮಾತ್ರ. 1851–52ರಲ್ಲಿ ಬರೆದ, ಡೇನಿಯಲ್ ಬೂನನು ಕಂಬರ್ಲೆಂಡ್ ಕಣಿವೆಯ ಮೂಲಕ ವಲಸೆಗಾರರನ್ನು ಕರೆದೊಯ್ಯುವ ಚಿತ್ರದಲ್ಲಿ, ಕುದುರೆಯ ಮೇಲೆ ಕುಳಿತ ಸ್ತ್ರೀಯನ್ನು ನೋಡಿದವರಿಗೆ ಈಜಿಪ್ಟಿಗೆ ಪ್ರಯಾಣ ಹೊರಟ ಮೇರಿಮಾತೆಯು ನೆನಪಾಗದಿರಳು. ನೆಲದ ಆಕ್ರಮಣಕ್ಕೆ ಪುಣ್ಯಯಾತ್ರೆಯ ವೇಷವು ಹೀಗೆ ದೊರೆಯಿತು.

ಆರ್ಟ್ ಯೂನಿಯನ್ನಿನ ಲಾಟರಿಯು ಕಾನೂನುಬಾಹಿರವೆಂದು ನ್ಯೂಯಾರ್ಕಿನ ನ್ಯಾಯಾಲಯವು 1852ರಲ್ಲಿ ತೀರ್ಮಾನಿಸಿದ್ದರಿಂದ ಸಂಸ್ಥೆಯು ಮುಚ್ಚಿತು. ಬಿಂಗ್‌ಹ್ಯಾಮನು 1856ರಲ್ಲಿ ಜರ್ಮನಿಯ ಡುಸೆಲ್‌ಡಾರ್ಫಿಗೆ ಹೋಗಿ ಮೂರು ವರ್ಷಗಳಷ್ಟು ಕಾಲ ಅಲ್ಲಿದ್ದು ಮರಳಿದನು. ಅವನ ಕುಂಚವು ಅಲ್ಲಿ ನಯವನ್ನು ಗಳಿಸಿ ಬೆಳಕನ್ನು ಕಳೆದುಕೊಂಡಿತು. ಅಂತರ್ಯುದ್ಧದಲ್ಲಿ ಒಕ್ಕೂಟದ ಪಕ್ಷವನ್ನು ಹಿಡಿದು ರಾಜ್ಯದ ಖಜಾಂಚಿಯಾಗಿದ್ದರೂ, ಒಕ್ಕೂಟದ ಸೇನಾನಿಯಾದ ಜನರಲ್ ಯೂಯಿಂಗನು 1863ರ ಆಗಸ್ಟ್ 25ರಂದು ಮಿಸೌರಿಯ ಪಶ್ಚಿಮಗಡಿಯ ಕೌಂಟಿಗಳ ಗ್ರಾಮವಾಸಿಗಳನ್ನು ಮನೆ ಬಿಡಿಸಿದುದನ್ನು ಅವನು ಕ್ಷಮಿಸಲಿಲ್ಲ. ‘ಹನ್ನೊಂದನೆಯ ಆಜ್ಞೆ’ ಎಂಬ ಆವೇಶದ ಚಿತ್ರವನ್ನು ಎರಡು ಬಾರಿ ಬರೆದು, ಅದರ ಅಚ್ಚನ್ನು ಪ್ರಚಾರಮಾಡಿ ಆ ಸೇನಾನಿಯ ಹೆಸರನ್ನು ಕೊನೆಯವರೆಗೂ ಬೆನ್ನಟ್ಟಿದನು. ಚಿತ್ರವಾಗಿ ಅದು ನಾಟಕೀಯವೂ ಬಿಗುವಿನದೂ ಆಗಿದೆ. 1877ರಲ್ಲಿ ಮಿಸೌರಿ ವಿಶ್ವವಿದ್ಯಾಲಯದ ಮೊದಲ ಕಲಾ ಪ್ರಾಧ್ಯಾಪಕನಾಗಿ ನೇಮಕಗೊಂಡು, 1879ರ ಜುಲೈ 7ರಂದು ಕ್ಯಾನ್ಸಸ್ ಸಿಟಿಯಲ್ಲಿ ನಿಧನನಾದನು.

ತೈಲಚಿತ್ರಗಳಲ್ಲದಿದ್ದರೂ ಮಿಸಿಸಿಪಿ ನದಿಯ ಸುರುಳಿಚಿತ್ರಗಳ ಪ್ರಸ್ತಾಪ ಅಗತ್ಯ. ಜಾನ್ ಬ್ಯಾನ್‌ವರ್ಡ್ ಎಂಬವನು 1846ರಲ್ಲಿ ಮಿಸಿಸಿಪಿಯ ದಡಗಳನ್ನು ಬರೆದ ಭಾರಿ ಬಟ್ಟೆಯನ್ನು ಎರಡು ಉರುಳೆಗಳ ನಡುವೆ ಸುತ್ತಿ ಬಿಚ್ಚುತ್ತ, ಕಥೆ ಹೇಳುತ್ತ, ಬಾಸ್ಟನ್ನಿನಿಂದ ಲಂಡನ್ನಿನವರೆಗೆ ಜನರನ್ನು ರಂಜಿಸಿದನು. ಮೂರು ಮೈಲಿ ಉದ್ದದ್ದೆಂಬ ಜಾಹೀರಾತು ಬರಿಯ ಉತ್ಪ್ರೇಕ್ಷೆ.

ಯುದ್ಧಾನಂತರ ಈ ಪರಂಪರೆಯು ನದಿಯನ್ನು ಬಿಟ್ಟು ಪರ್ವತವನ್ನೇರಿತು. ಬಿಯರ್‌ಸ್ಟಾಟ್, ಮೊರಾನ್ ಇವರು ಬೃಹತ್ಪಟಗಳಲ್ಲಿ ರಾಕಿಯ ಶಿಖರಗಳನ್ನೂ ಯೆಲೊಸ್ಟೋನಿನ ಕಮರಿಯನ್ನೂ ಬರೆದರು. ಮೊರಾನನ ಒಂದು ಚಿತ್ರವನ್ನು 1872ರಲ್ಲಿ ಕಾಂಗ್ರೆಸ್ಸು 10,000 ಡಾಲರಿಗೆ ಕೊಂಡಿತು. ಶತಮಾನದ ಕೊನೆಯಲ್ಲಿ ರೆಮಿಂಗ್ಟನ್ ಹಾಗೂ ರಸೆಲ್ ಎಂಬವರ ಕೈಯಲ್ಲಿ ಗಡಿನಾಡೆಂದರೆ ದನಗಾಹಿ ಸವಾರ ಎಂಬಂತಾಯಿತು. ಬಿಂಗ್‌ಹ್ಯಾಮನು ಮಿಸೌರಿಯ ಹೊರಗೆ ಬಹುಮಟ್ಟಿಗೆ ಮರೆತುಹೋದನು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯವು 1933ರಲ್ಲಿ ತುಪ್ಪಳ ವರ್ತಕರ ಚಿತ್ರವನ್ನು ಪಡೆದುದೂ, 1934ರಲ್ಲಿ ಸೇಂಟ್ ಲೂಯಿಯಲ್ಲಿಯೂ 1935ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾಸಂಗ್ರಹಾಲಯದಲ್ಲಿಯೂ ಪ್ರದರ್ಶನಗಳು ನಡೆದುದೂ ಅವನನ್ನು ಮತ್ತೆ ಬೆಳಕಿಗೆ ತಂದವು. ಆರ್ಥಿಕ ಕುಸಿತದಿಂದ ತತ್ತರಿಸುತ್ತಿದ್ದ ದೇಶಕ್ಕೆ ಆ ನಿಶ್ಚಲವಾದ ನದಿಯು ಹಿತವಾಗಿ ಕಂಡುದರಲ್ಲಿ ಆಶ್ಚರ್ಯವೇನಿಲ್ಲ. ರೇಖಾಚಿತ್ರಗಳ ಸಂಗ್ರಹವು ಮಾರಾಟಕ್ಕೆ ಹೊರಟಾಗ ಮಿಸೌರಿಯ ಜನರು 1976ರಲ್ಲಿ ಚಂದಾ ಕೂಡಿಸಿ ಅದನ್ನು ರಾಜ್ಯದಲ್ಲಿಯೇ ಉಳಿಸಿಕೊಂಡರು. ‘ಉಲ್ಲಾಸದ ದೋಣಿಗಾರರು’ 2015ರಲ್ಲಿ ವಾಷಿಂಗ್ಟನ್ನಿನ ರಾಷ್ಟ್ರೀಯ ಕಲಾಸಂಗ್ರಹಾಲಯಕ್ಕೆ ಸೇರಿತು. ಉಗಿಹಡಗಿನ ಚಿತ್ರವು ಶ್ವೇತಭವನದಲ್ಲಿಯೂ, ‘ಪ್ರಾಂತದ ಚುನಾವಣೆ’ಯು ಸೇಂಟ್ ಲೂಯಿಯ ಕಲಾಸಂಗ್ರಹಾಲಯದಲ್ಲಿಯೂ ಇವೆ. ಮಿಸೌರಿ ಸರ್ಕಾರವು ಬರೆಸಿದ್ದ ಅವನ ದೊಡ್ಡ ಭಾವಚಿತ್ರಗಳು ಮಾತ್ರ 1911ರಲ್ಲಿ ರಾಜ್ಯದ ಶಾಸನಸಭಾ ಭವನಕ್ಕೆ ಬಿದ್ದ ಬೆಂಕಿಯಲ್ಲಿ ಸುಟ್ಟುಹೋದವು.