ಭಾರ ಬೆನ್ನಿಗೆ, ಬಳಕೆ ಬಗಲಿಗೆ

ಯಲಹಂಕದ ವಾಯುಪಡೆ ನೆಲೆಯಲ್ಲಿ ಏರೋ ಇಂಡಿಯಾ ಪ್ರದರ್ಶನ ಮೊದಲ ಸಲ ನಡೆದದ್ದು 1996ರಲ್ಲಿ. ಅಂದಿನಿಂದ ಹೆಚ್ಚುಕಡಿಮೆ ಎರಡು ವರ್ಷಕ್ಕೊಮ್ಮೆ ಇಲ್ಲಿಯ ಆಕಾಶಕ್ಕೆ ಯುದ್ಧವಿಮಾನಗಳು ಬರುತ್ತವೆ, ನೆಲದ ಮೇಲೆ ಕ್ಯಾಮೆರಾ ಹೊತ್ತವರ ದಂಡು ಸೇರುತ್ತದೆ. ಅದೇ ಯಲಹಂಕದ ಪುಟ್ಟೇನಹಳ್ಳಿ ಕೆರೆ 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಎಂದು ಘೋಷಣೆಯಾಯಿತು. ಬಣ್ಣದ ಕೊಕ್ಕರೆ, ಹಾವಕ್ಕಿ, ಹೆಜ್ಜಾರ್ಲೆಗಳಿಗಾಗಿ ಅಲ್ಲಿಗೂ ಹೆಬ್ಬಾಳದ ಕೆರೆಗೂ ಹೋಗುವವರಿಗೆ ಪ್ರದರ್ಶನದ ವರ್ಷವೇ ಆಗಬೇಕೆಂದಿಲ್ಲ. ಹೀಗೆ ಉತ್ತರ ಬೆಂಗಳೂರಿನಲ್ಲಿ ಕ್ಯಾಮೆರಾ ಚೀಲ ದಿನನಿತ್ಯದ ವಸ್ತುವಾಗಿ ಹೋಗಿದೆ. ಅಂಗಡಿಯಲ್ಲಿ ಅದನ್ನು ಕಾವಲಿನ ಪೆಟ್ಟಿಗೆಯಂತೆ ಮಾರುತ್ತಾರೆ: ಒಳಗೆಷ್ಟು ಸ್ಪಂಜು, ಎಷ್ಟು ಖಾನೆ, ಎಷ್ಟು ಜಿಪ್ಪು. ಇಲ್ಲಿ ನನ್ನ ವಾದ ಬೇರೆ. ಹೆಗಲಿಗೆ ಹಾಕುವ ಚೀಲ ಕ್ಯಾಮೆರಾಕ್ಕಿಂತ ಬಹಳ ಹಳೆಯದು. ಅದರ ಅಳತೆ, ಪಟ್ಟಿಯ ಅಗಲ, ಬಾಯಿಯ ರೀತಿ ಇವೆಲ್ಲವನ್ನೂ ಬೇರೆ ಬೇರೆ ಕಸುಬಿನವರು ಆಗಲೇ ಗೊತ್ತುಮಾಡಿ ಇಟ್ಟಿದ್ದರು. ಒಳ್ಳೆಯ ಕ್ಯಾಮೆರಾ ಚೀಲ ಯಾವುದೆಂದು ತಿಳಿಯಬೇಕಾದರೆ ಛಾಯಾಗ್ರಹಣದ ಇತಿಹಾಸ ಒಂದೇ ಸಾಲದು, ಆ ಕಸುಬುಗಳ ಇತಿಹಾಸವನ್ನೂ ನೋಡಬೇಕು.

ಛಾಯಾಗ್ರಹಣ ನಮ್ಮ ನಾಡಿಗೆ ಬಂದಾಗ ಚೀಲದ ಪ್ರಶ್ನೆಯೇ ಇರಲಿಲ್ಲ. ಮದರಾಸು ಸೈನ್ಯದ ಅಧಿಕಾರಿ ಲಿನಿಯಸ್ ಟ್ರೈಪ್ 1854ರ ಡಿಸೆಂಬರಿನಲ್ಲಿ ಬೇಲೂರು, ಹಳೇಬೀಡಿನ ದೇವಾಲಯಗಳ ಚಿತ್ರ ತೆಗೆದ. ಮುಂದೆ ಮದರಾಸು ಸರ್ಕಾರದ ಛಾಯಾಗ್ರಾಹಕನಾಗಿ ನೇಮಕಗೊಂಡು, 1857ರಲ್ಲಿ ಬೆಂಗಳೂರಿನಲ್ಲಿ ನೆಲೆ ಮಾಡಿಕೊಂಡು ತಮಿಳು ಸೀಮೆಯ ಪ್ರವಾಸಕ್ಕೆ ಹೊರಟ. ಅವನ ಕಾಗದದ ನೆಗೆಟಿವ್‌ಗಳ ಅಳತೆಯೇ ಸುಮಾರು 12 ಅಂಗುಲಕ್ಕೆ 15 ಅಂಗುಲ. ಆ ಕಾಲದಲ್ಲಿ ದೊಡ್ಡ ಚಿತ್ರ ಬೇಕೆಂದರೆ ಕ್ಯಾಮೆರಾವೂ ಅಷ್ಟೇ ದೊಡ್ಡದಿರಬೇಕಿತ್ತು. ಜೊತೆಗೆ ರಾಸಾಯನಿಕ, ತಟ್ಟೆ, ನೀರು, ಕತ್ತಲೆಯ ಗುಡಾರ. ಇಷ್ಟನ್ನೂ ಎಳೆಯುವುದು ಎತ್ತಿನ ಗಾಡಿಯ ಕೆಲಸವಾಗಿತ್ತು. 1910ರಲ್ಲಿ ಬೆಂಗಳೂರಿನಲ್ಲಿ ಜಿ.ಕೆ. ವೇಲ್ ಸ್ಟುಡಿಯೋ ಆರಂಭವಾದ ಕಾಲಕ್ಕೂ ಜನ ಕ್ಯಾಮೆರಾದ ಬಳಿಗೆ ಹೋಗುವುದೇ ವಾಡಿಕೆಯಾಗಿತ್ತು. 1925ರಲ್ಲಿ ಲೈಕಾ, 1929ರಲ್ಲಿ ರೋಲಿಫ್ಲೆಕ್ಸ್ ಮಾರುಕಟ್ಟೆಗೆ ಬಂದ ಮೇಲೆ ಕ್ಯಾಮೆರಾ ಮನುಷ್ಯನ ಮೈಮೇಲೆ ಬಂದು ಕೂತಿತು. ಆಗಲೂ ಚೀಲ ಬೇಕಾಗಲಿಲ್ಲ. ಮೈಗಂಟಿದ ಒಂದು ಚರ್ಮದ ಕವಚ, ಅದಕ್ಕೊಂದು ತೆಳು ಪಟ್ಟಿ, ಅಷ್ಟೇ. ಬರೋಡಾದಲ್ಲಿ ತಯಾರಾಗಿ ನಮ್ಮ ಮಧ್ಯಮ ವರ್ಗದ ಮನೆಗಳಿಗೆ ಬಂದ ಆಗ್ಫಾ ಕ್ಲಿಕ್ 3 ಕೂಡ ಇಂಥ ಕವಚದಲ್ಲೇ ಮದುವೆ, ಜಾತ್ರೆ, ಪ್ರವಾಸಗಳಿಗೆ ಹೋಗಿ ಬಂತು. ಒಂದು ಕ್ಯಾಮೆರಾ, ಒಂದೇ ಲೆನ್ಸ್ ಇದ್ದವರಿಗೆ ಆರಿಸಿ ತೆಗೆಯುವ ಪ್ರಮೇಯವೇ ಇರಲಿಲ್ಲ. 1959ರಲ್ಲಿ ಬಂದ ನಿಕಾನ್ ಎಫ್‌ನಂಥ ಕ್ಯಾಮೆರಾಗಳು ಲೆನ್ಸ್ ಬದಲಿಸುವ ಅಭ್ಯಾಸವನ್ನು ಸಾಮಾನ್ಯ ಮಾಡಿದವು. ಚೀಲದ ನಿಜವಾದ ಅಗತ್ಯ ಹುಟ್ಟಿದ್ದು ಅಲ್ಲಿ: ನಿಂತ ನಿಲುವಿನಲ್ಲೇ, ಕಣ್ಣನ್ನು ಎದುರಿನ ದೃಶ್ಯದಿಂದ ಕೀಳದೆ, ಕೈ ಇಳಿಬಿಟ್ಟು ಬೇಕಾದ ವಸ್ತುವನ್ನು ತೆಗೆಯುವ ಅಗತ್ಯ.

ಈ ಅಗತ್ಯ ಹೊಸದಲ್ಲ. ಹಳೆಯ ಮೈಸೂರು ಸೀಮೆಯ ಅಂಚೆಯನ್ನೇ ನೋಡಬಹುದು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, 1672ರಲ್ಲಿ ಆರಂಭವಾಯಿತೆನ್ನುವ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಡನೆ ಸೇರಿಹೋಯಿತು. ಊರಿಂದೂರಿಗೆ ಓಡುವ ಹರಿಕಾರನ ಚೀಲದ ಬಾಯಿ ಮುದ್ರೆಯೊತ್ತಿ ಮುಚ್ಚಿರುತ್ತಿತ್ತು. ದಾರಿಯಲ್ಲಿ ಅವನು ಅದನ್ನು ಬಿಚ್ಚುವಂತಿರಲಿಲ್ಲ, ಹಾಗಾಗಿ ಕೋಲಿಗೆ ಕಟ್ಟಿ ಹೆಗಲ ಮೇಲಿಟ್ಟು ಬೆನ್ನ ಹಿಂದಕ್ಕೆ ಬಿಟ್ಟುಕೊಂಡು ಓಡುತ್ತಿದ್ದ. ಮನೆಮನೆಗೆ ಕಾಗದ ಕೊಡುವ ಅಂಚೆಯಣ್ಣನಿಗೆ ಅದು ಒಗ್ಗದು. ಪ್ರತಿ ಬಾಗಿಲಲ್ಲೂ ಅವನ ಕೈ ಚೀಲಕ್ಕೆ ಹೋಗಬೇಕು. ಅವನ ಖಾಕಿ ಚೀಲ ಅಗಲ ಪಟ್ಟಿಯಿಂದ ಪಕ್ಕಕ್ಕೆ ತೂಗಿತು, ಬಾಯಿ ಮೇಲ್ಮುಖವಾಗಿ ತೆರೆಯಿತು. ಒಂದೇ ಇಲಾಖೆ, ಒಂದೇ ಕಾಗದದ ಹೊರೆ, ಆದರೂ ಹೊರುವ ರೀತಿ ಎರಡು. ತೂಕಕ್ಕಿಂತ ಹೆಚ್ಚಾಗಿ, ಕೈ ಎಷ್ಟು ಸಲ ಒಳಗೆ ಹೋಗುತ್ತದೆ ಎಂಬುದೇ ಚೀಲದ ಜಾಗವನ್ನು ತೀರ್ಮಾನಿಸಿದೆ.

ಇದೇ ಮಾತಿಗೆ ಉತ್ತರ ಬೆಂಗಳೂರಿನಲ್ಲಿ ಇನ್ನೂ ಗಟ್ಟಿ ಸಾಕ್ಷಿಗಳಿವೆ. ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಈರುಳ್ಳಿ, ಆಲೂಗಡ್ಡೆ ಮೂಟೆ ಇಳಿಸುವ ಹಮಾಲಿಗಳು ಮೂಟೆಯನ್ನು ಪಕ್ಕಕ್ಕೆ ತೂಗಿಬಿಟ್ಟುಕೊಳ್ಳುವುದಿಲ್ಲ. ಬೆನ್ನು ಬಗ್ಗಿಸಿ, ಕತ್ತಿನ ಕೆಳಗೆ ಎರಡು ಹೆಗಲಿಗೂ ಸಮನಾಗಿ ಕೂರುವಂತೆ ಹೊರುತ್ತಾರೆ. ಐವತ್ತು ಕಿಲೋ ಭಾರಕ್ಕೆ ಬೇರೆ ದಾರಿಯೇ ಇಲ್ಲ. ಅದೇ ಯಾರ್ಡಿನ ಮುಂದೆ ಹಾದುಹೋಗುವ ಸಿಟಿ ಬಸ್ಸಿನ ಕಂಡಕ್ಟರನ್ನು ನೆನೆಯಿರಿ. 1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ ಶುರುವಾಗಿ, ಮುಂದೆ ಬಿಟಿಎಸ್ ಆಗಿ, 1997ರಲ್ಲಿ ಬಿಎಂಟಿಸಿ ಆಗುವವರೆಗೂ ಅವರ ಚರ್ಮದ ಚೀಲದ ರೂಪ ಹೆಚ್ಚು ಬದಲಾಗಲಿಲ್ಲ. ಪಟ್ಟಿ ಎದೆಯ ಮೇಲೆ ಅಡ್ಡವಾಗಿ ಹೋಗುತ್ತದೆ, ಚೀಲ ಸೊಂಟದ ಮಟ್ಟಕ್ಕೆ ಗಿಡ್ಡವಾಗಿ ನಿಲ್ಲುತ್ತದೆ, ನೂಕುನುಗ್ಗಲಿನಲ್ಲಿ ಮೊಣಕೈಯಿಂದ ಒತ್ತಿ ಹಿಡಿಯಬಹುದು, ನೋಡದೆಯೇ ಚಿಲ್ಲರೆ ಎಣಿಸಬಹುದು. ಇನ್ನೂ ಹಿಂದಕ್ಕೆ ಹೋದರೆ ಯಲಹಂಕದ ಸುತ್ತಲೆಲ್ಲ ರಾಗಿ ಹೊಲಗಳು. ಕೂರಿಗೆಯ ಹಿಂದೆ ನಡೆಯುತ್ತ ಅಕ್ಕಡಿ ಸಾಲಿಗೆ ಅವರೆ, ಜೋಳ ಬಿಡುತ್ತಿದ್ದ ಹೆಣ್ಣುಮಕ್ಕಳು ಬೀಜವನ್ನು ಬೆನ್ನಿಗೆ ಕಟ್ಟಲಿಲ್ಲ, ಸೆರಗನ್ನೇ ಮಡಿಲು ಮಾಡಿ ಕೈಗೆಟುಕುವ ಕಡೆ ಇಟ್ಟುಕೊಂಡರು. ಬಿತ್ತುವ ಕೈಗೂ ಚಿಲ್ಲರೆ ಕೊಡುವ ಕೈಗೂ ಲೆನ್ಸ್ ಬದಲಿಸುವ ಕೈಗೂ ಬೇಕಾದ ಅನುಕೂಲ ಒಂದೇ ಬಗೆಯದು.

ಹೊರಗಿನ ಇತಿಹಾಸವೂ ಇದನ್ನೇ ಹೇಳುತ್ತದೆ. ಇಂಗ್ಲೆಂಡಿನ ಬಿಲ್ಲಿಂಗ್‌ಹ್ಯಾಮ್ ಸಂಸ್ಥೆ 1973ರಲ್ಲಿ ಆರಂಭವಾದಾಗ ತಯಾರಿಸಿದ್ದು ಮೀನು ಹಿಡಿಯುವವರ ಚೀಲ. ಅವನ್ನು ನ್ಯೂಯಾರ್ಕಿನ ಛಾಯಾಗ್ರಾಹಕರು ಕೊಂಡು ಕ್ಯಾಮೆರಾ ತುಂಬಿಕೊಳ್ಳುತ್ತಿದ್ದಾರೆಂದು ಕೆಲವು ವರ್ಷಗಳ ಮೇಲೆ ತಿಳಿದುಬಂದು ಆ ಸಂಸ್ಥೆ ಕ್ಯಾಮೆರಾ ಚೀಲದತ್ತ ತಿರುಗಿತು. ಅಮೆರಿಕದ ಫಿಲಡೆಲ್ಫಿಯಾ ಇನ್‌ಕ್ವೈರರ್ ಪತ್ರಿಕೆಯ ಛಾಯಾಗ್ರಾಹಕ ಜಿಮ್ ಡೋಮ್ಕಿ 1970ರ ದಶಕದ ನಡುವಿನಲ್ಲಿ ತನ್ನ ಕೆಲಸಕ್ಕೆ ತಾನೇ ಒಂದು ಕ್ಯಾನ್ವಾಸ್ ಚೀಲ ರೂಪಿಸಿಕೊಂಡ. ಅದರ ಗುಣ ಅದು ಬಿಟ್ಟುಕೊಟ್ಟದ್ದರಲ್ಲಿತ್ತು. ಗಟ್ಟಿ ಪೆಟ್ಟಿಗೆಯ ಗೋಡೆಗಳಿರಲಿಲ್ಲ, ಹಾಗಾಗಿ ಬಟ್ಟೆ ಸೊಂಟದ ತಿರುವಿಗೆ ಹೊಂದಿಕೊಂಡಿತು. ಒಂದು ಕೈಯಲ್ಲಿ ಮುಚ್ಚಳ ಎತ್ತಿ ಒಳಗೆ ತಡಕಬಹುದಾಗಿತ್ತು. ನಮ್ಮಲ್ಲೂ ಇಂಥ ಬಟ್ಟೆ ಹೊಸದಾಗಿರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಜಾಲಹಳ್ಳಿ ಸೇನೆಯ ಆಸ್ಪತ್ರೆಗಳ, ಇಟಲಿಯ ಯುದ್ಧಕೈದಿಗಳ ಶಿಬಿರಗಳ ತಾಣ. ಸೈನಿಕರ ಖಾಕಿ ಕ್ಯಾನ್ವಾಸ್ ಚೀಲ ಈ ಭಾಗಕ್ಕೆ ಚೆನ್ನಾಗಿ ಪರಿಚಿತವಾಗಿತ್ತು. ಯುದ್ಧದ ನಂತರ 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಇಲ್ಲಿ ಬೇರೂರಿದವು. ಕಾರ್ಖಾನೆಯ ಬಸ್ಸಿಗೆ ಕಾಯುವ ನೌಕರರ ಹೆಗಲಲ್ಲಿ ಊಟದ ಡಬ್ಬಿಯ ಚೀಲ ಈ ಬಡಾವಣೆಗಳ ಬೆಳಗಿನ ಸಾಮಾನ್ಯ ನೋಟವಾಯಿತು. ಖಾದಿ ಭಂಡಾರದ ಜೋಳಿಗೆಯಂತೂ ಬರಹಗಾರರ, ಚಳವಳಿಗಾರರ ಗುರುತೇ ಆಗಿತ್ತು. ಯಾರ ಕಣ್ಣನ್ನೂ ಕುಕ್ಕದ ಹೆಗಲು ಚೀಲದ ಪರಂಪರೆ ನಮ್ಮ ಬೀದಿಯಲ್ಲೇ ಇತ್ತು.

ಇಲ್ಲಿ ಒಂದು ಬಲವಾದ ಆಕ್ಷೇಪಣೆಯಿದೆ. ಹೆಗಲು ಚೀಲ ಒಂದೇ ಪಕ್ಕಕ್ಕೆ ಭಾರ ಹಾಕುತ್ತದೆ, ಬೆನ್ನು ವಾಲುತ್ತದೆ, ಕತ್ತು ನೋಯುತ್ತದೆ, ಆದ್ದರಿಂದ ಬೆನ್ನುಚೀಲವೇ ಮೇಲು ಎನ್ನುತ್ತಾರೆ. ಭಾರ ಹೆಚ್ಚಿದ್ದಲ್ಲಿ ಇದು ಪೂರ್ತಿ ನಿಜ, ಹಮಾಲಿಗಳ ಮೈ ಇದನ್ನು ಯಾವಾಗಲೋ ಅರಿತಿದೆ. 1999ರ ಕ್ಯಾನನ್ 600 ಎಂಎಂ ಎಫ್/4 ಲೆನ್ಸ್ 5.36 ಕಿಲೋ ತೂಗುತ್ತಿತ್ತು. 2019ರಲ್ಲಿ ಸೋನಿ ತಂದ ಅದೇ ಅಳತೆಯ ಲೆನ್ಸ್ 3.04 ಕಿಲೋಗೆ ಇಳಿಯಿತು, ಆದರೂ ಅದನ್ನು ಬಗಲಿಗೆ ಹಾಕಿ ಪುಟ್ಟೇನಹಳ್ಳಿ ಕೆರೆ ಸುತ್ತುವುದು ಅವಿವೇಕ. ಬೆಂಗಳೂರಿನ ವನ್ಯಜೀವಿ ಛಾಯಾಗ್ರಹಣಕ್ಕೆ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥವರು ಕಟ್ಟಿಕೊಟ್ಟ ದೊಡ್ಡ ಪರಂಪರೆಯಿದೆ. ಆ ದಾರಿಯಲ್ಲಿ ನಡೆಯುವವರು ದೊಡ್ಡ ಲೆನ್ಸನ್ನು ಬೆನ್ನಿಗೇ ಹಾಕಿಕೊಳ್ಳಲಿ. ಆದರೆ ಆ ದೊಡ್ಡ ಲೆನ್ಸಿನ ತರ್ಕವನ್ನು ಸಣ್ಣ ಹೊರೆಗೂ ಹೊರಿಸಿದ್ದು ತಪ್ಪು. ಹಳೆಯ ಯಲಹಂಕದ ಬೀದಿ, ಯಶವಂತಪುರದ ಮಾರುಕಟ್ಟೆ, ಆರ್.ಟಿ. ನಗರದ ಅಂಗಡಿಸಾಲು ಸುತ್ತುವವರಿಗೆ ಒಂದು ಕನ್ನಡಿರಹಿತ ಕ್ಯಾಮೆರಾ, ಎರಡು ಸಣ್ಣ ಲೆನ್ಸ್ ಸಾಕು. ಎಲ್ಲ ಸೇರಿ ಎರಡು ಕಿಲೋ ದಾಟದಂತೆ ನೋಡಿಕೊಳ್ಳಬಹುದು. ಅಷ್ಟು ಭಾರವನ್ನು ಅಂಚೆಯಣ್ಣನ ಹೆಗಲು ತಲೆಮಾರುಗಟ್ಟಲೆ ಹೊತ್ತಿದೆ. ನೋವು ಬರುವುದು ಹೆಚ್ಚಾಗಿ ಎರಡು ಕಾರಣಕ್ಕೆ: ಚೀಲವೇ ಒಂದೂವರೆ ಕಿಲೋ ತೂಗುತ್ತದೆ, ಇಲ್ಲವೇ ಪಟ್ಟಿ ಕಿರಿದಾಗಿ ಹೆಗಲನ್ನು ಕೊಯ್ಯುತ್ತದೆ. ಎರಡೂವರೆ ಸೆಂಟಿಮೀಟರ್ ಪಟ್ಟಿಯನ್ನು ಐದಕ್ಕೆ ಏರಿಸಿದರೆ ಅದೇ ಭಾರ ಎರಡರಷ್ಟು ಜಾಗಕ್ಕೆ ಹರಡುತ್ತದೆ. ಜೋಳಿಗೆಯಲ್ಲಿ ಚೀಲದ ಬಟ್ಟೆಯೇ ಪಟ್ಟಿಯಾಗಿ ಮೇಲೇರುವುದರಿಂದ ಹೆಗಲಿಗೆ ಸಿಗುವ ಹಿತ ಇದೇ.

ಸ್ಪಂಜಿಲ್ಲದಿದ್ದರೆ ಪೆಟ್ಟು ಬೀಳುವುದಿಲ್ಲವೇ ಎಂಬುದು ಇನ್ನೊಂದು ಪ್ರಶ್ನೆ. ಪೆಟ್ಟು ಬೀಳುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ಜೋಳಿಗೆಯನ್ನು ಹಾಗೆಯೇ ಬಳಸಿದರೆ ಲೆನ್ಸಿಗೆ ಲೆನ್ಸು ತಾಗುತ್ತದೆ, ಉದ್ದ ಪಟ್ಟಿಯಲ್ಲಿ ತೂಗಾಡಿ ಬಸ್ಸಿನ ಕಂಬಕ್ಕೂ ಬಡಿಯುತ್ತದೆ. ಇದಕ್ಕೆ ಪರಿಹಾರ ಇಡೀ ಚೀಲವನ್ನು ದಪ್ಪ ಮಾಡುವುದಲ್ಲ. ತಳಕ್ಕೆ ಒಂದು ಪದರ, ವಸ್ತುಗಳ ನಡುವೆ ಒಂದೊಂದು ಮೆತ್ತನೆ ಗೋಡೆ, ಇಷ್ಟಿದ್ದರೆ ಸಾಕು. ಬೇಕೆಂದಾಗ ತೆಗೆದಿಡಬಹುದಾದ ಒಳಗೂಡುಗಳು ಈಗ ಬಿಡಿಯಾಗಿಯೇ ಸಿಗುತ್ತವೆ. ಉಳಿದ ರಕ್ಷಣೆ ಕಂಡಕ್ಟರರ ಉಪಾಯದಲ್ಲಿದೆ: ಪಟ್ಟಿ ಗಿಡ್ಡ ಮಾಡಿ ಚೀಲವನ್ನು ಸೊಂಟಕ್ಕೆ ಒತ್ತಿಕೊಳ್ಳುವುದು, ಎದೆಯ ಮೇಲೆ ಅಡ್ಡ ಹಾಕುವುದು. ಕಳ್ಳರ ಭಯಕ್ಕೂ ಇದೇ ಉತ್ತರ. ಬೆನ್ನ ಮೇಲಿನ ಜಿಪ್ಪನ್ನು ಹಿಂದೆ ನಿಂತವನು ಎಳೆದರೆ ತಿಳಿಯದೆ ಹೋಗಬಹುದು, ಮೊಣಕೈ ಕೆಳಗಿನ ಚೀಲಕ್ಕೆ ಯಾರ ಕೈ ಬಂದರೂ ಗೊತ್ತಾಗುತ್ತದೆ. ಮಳೆಯ ವಿಚಾರದಲ್ಲಿ ಮಾತ್ರ ಕ್ಯಾನ್ವಾಸಿಗೆ ಮಿತಿಯಿದೆ. ಒತ್ತಾಗಿ ನೇಯ್ದ ಹತ್ತಿಯ ನೂಲು ನೆನೆದಾಗ ಉಬ್ಬಿ ಸಣ್ಣ ಮಳೆ ತಡೆಯುತ್ತದೆ, ಆದರೆ ಸೆಪ್ಟೆಂಬರ್ ಅಕ್ಟೋಬರಿನ ಬೆಂಗಳೂರಿನ ಸಂಜೆಮಳೆಗೆ ಒಳಗೊಂದು ಪ್ಲಾಸ್ಟಿಕ್ ಹೊದಿಕೆ ಬೇಕೇ ಬೇಕು. ಮನೆಗೆ ಬಂದ ಮೇಲೆ ಕ್ಯಾಮೆರಾವನ್ನು ನೆನೆದ ಚೀಲದಲ್ಲೋ ಚರ್ಮದ ಕವಚದಲ್ಲೋ ಇಟ್ಟರೆ ಲೆನ್ಸಿನ ಗಾಜಿಗೆ ಬೂಷ್ಟು ಹತ್ತುತ್ತದೆ. ಚೀಲ ಹೊರಲಿಕ್ಕೆ ಮಾತ್ರ, ಇಡಲಿಕ್ಕೆ ಸಿಲಿಕಾ ಜೆಲ್ ಹಾಕಿದ ಡಬ್ಬಿಯೇ ಸರಿ.

ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪ ನೀತಿಗೆ ಸಂಬಂಧಪಟ್ಟದ್ದು. ಕ್ಯಾಮೆರಾ ಚೀಲದಂತೆ ಕಾಣದ ಚೀಲ ಹಾಕಿಕೊಳ್ಳುವುದು ಜನರಿಗೆ ಗೊತ್ತಾಗದಂತೆ ಚಿತ್ರ ಕದಿಯುವ ಹಂಚಿಕೆಯಲ್ಲವೇ? ಫ್ರಾನ್ಸಿನ ಕಾರ್ತಿಯೇ ಬ್ರೆಸೋನ್ ತನ್ನ ಲೈಕಾದ ಹೊಳಪು ಕಾಣದಂತೆ ಕಪ್ಪು ಟೇಪು ಸುತ್ತುತ್ತಿದ್ದನೆಂಬುದು ಪ್ರಸಿದ್ಧ. ಆ ಪದ್ಧತಿಯ ಬಗ್ಗೆ ಇಂದು ಪ್ರಶ್ನೆ ಎತ್ತುವವರ ಅಳುಕು ನ್ಯಾಯವಾದದ್ದೇ. ಆದರೆ ಚೀಲ ಮರೆಮಾಡುವುದು ನಡೆಯುವಾಗ, ಕ್ಯಾಮೆರಾ ಹೊರಗೆ ಬಂದ ಗಳಿಗೆಯಲ್ಲಿ ಮರೆ ಮುಗಿಯಿತು. ಆಮೇಲೆ ಎದುರಿನವರನ್ನು ಕೇಳಿ ತೆಗೆಯುವುದು, ಬೇಡವೆಂದರೆ ಬಿಡುವುದು ಛಾಯಾಗ್ರಾಹಕನ ಹೊಣೆ, ಅದನ್ನು ಯಾವ ಚೀಲವೂ ಹೊರಲಾರದು. ಸಾದಾ ಚೀಲದಿಂದ ಆಗುವ ಉಪಕಾರ ಬೇರೆಯದು. ಮೈಸೂರಿನ ಟಿ.ಎಸ್. ಸತ್ಯನ್ ಅವರು ತೆಗೆದ ಮಕ್ಕಳ ಚಿತ್ರಗಳು 1979ರಲ್ಲಿ ಅಂತರರಾಷ್ಟ್ರೀಯ ಮಕ್ಕಳ ವರ್ಷದ ಸಂದರ್ಭದಲ್ಲಿ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶನಗೊಂಡವು. ಸಾಮಾನ್ಯ ಜನರ ನಡುವೆ ಅವರಲ್ಲೊಬ್ಬರಾಗಿ ನಿಲ್ಲಬಲ್ಲವರಿಗೆ ಮಾತ್ರ ಅಂಥ ಚಿತ್ರಗಳು ದಕ್ಕುತ್ತವೆ. ಸಂತೆಯಲ್ಲಿ ಸೊಪ್ಪು ಮಾರುವಾಕೆಯ ಮುಂದೆ ದೊಡ್ಡ ಕರಿ ಪೆಟ್ಟಿಗೆ ಇಳಿಸಿ ಜಿಪ್ಪುಗಳನ್ನು ಒಂದೊಂದಾಗಿ ಎಳೆಯುವವನು, ಕ್ಯಾಮೆರಾ ತೆಗೆಯುವ ಮೊದಲೇ ಆಕೆಯನ್ನು ಪರೀಕ್ಷೆಗೆ ಕೂರಿಸಿದಂತಾಗುತ್ತದೆ. ಊಟದ ಡಬ್ಬಿಯ ಚೀಲದಂಥದ್ದು ಹಾಕಿಕೊಂಡವನ ಜೊತೆ ಆಕೆ ಮೊದಲು ಮಾತಾಡುತ್ತಾಳೆ.

ಯಶವಂತಪುರದಿಂದ ಕೂಗಳತೆಯಲ್ಲಿರುವ ಪೀಣ್ಯದಲ್ಲಿ ಸಿದ್ಧಉಡುಪಿನ ಹೊಲಿಗೆಯಂತ್ರಗಳು ದಿನವಿಡೀ ಓಡುತ್ತವೆ. ಇಂಥ ಚೀಲಕ್ಕೆ ಬೇಕಾದ ಕುಶಲತೆ ಬೆಂಗಳೂರಿಗೆ ಹೊರಗಿನಿಂದ ಬರಬೇಕಾಗಿಲ್ಲ. ಹೊಲಿಗೆ ಬಲ್ಲವರು ಇದನ್ನು ಕೈಗೆತ್ತಿಕೊಳ್ಳಲಿ: ದಪ್ಪ ಕ್ಯಾನ್ವಾಸು, ಐದು ಸೆಂಟಿಮೀಟರಿನ ನೇಯ್ದ ಪಟ್ಟಿ, ಒಂದೇ ಮುಚ್ಚಳ, ತೆಗೆದಿಡಬಹುದಾದ ಒಳಗೂಡು, ಖಾಲಿ ತೂಕ ಮುಕ್ಕಾಲು ಕಿಲೋ ಮೀರಬಾರದು. ಕೊಳ್ಳುವವರೂ ಅಂಗಡಿಗೆ ಬರಿಗೈಯಲ್ಲಿ ಹೋಗಬೇಡಿ. ನಿಮ್ಮ ಕ್ಯಾಮೆರಾ, ಲೆನ್ಸುಗಳನ್ನು ಜೊತೆಗೆ ಒಯ್ದು, ಚೀಲಕ್ಕೆ ತುಂಬಿ, ಅಡ್ಡ ಹಾಕಿಕೊಂಡು ಹತ್ತು ನಿಮಿಷ ಓಡಾಡಿ. ಕೈ ನೋಡದೆಯೇ ಲೆನ್ಸನ್ನು ಹುಡುಕಿಕೊಂಡರೆ ಆ ಚೀಲ ಕೊಳ್ಳಿ.